ಉಡುಪಿನ ಸ್ಪರ್ಧೆಯೂ ಸೂಜಿಯ ಕಾಯಕವೂ



ಕಾವಿಯ ಒಂದೇ ಬಣ್ಣವನ್ನುಟ್ಟು ಆಯುಷ್ಯವನ್ನು ಕಳೆಯುತ್ತಿರುವ ವಿರಕ್ತನೊಬ್ಬನು ಉಡುಪಿನ ಬೆಡಗನ್ನು ಕುರಿತು ಬರೆಯಹೊರಟರೆ ತಮಗೆ ನಗು ಬಂದೀತು. ನಮಗೂ ಬಂದಿತು. ಆದರೂ ಬರೆಯಬೇಕಾಗಿ ಬಂದ ಪ್ರಸಂಗವನ್ನು ಮೊದಲು ನಿವೇದಿಸುತ್ತೇವೆ.

ಕಳೆದ ಕಾರ್ತಿಕದಲ್ಲಿ ತುರುವೇಕೆರೆ ಸೀಮೆಯ ಭಕ್ತರೊಬ್ಬರು ಮನೆಮಂದಿಯೊಡನೆ ಮಠಕ್ಕೆ ಬಂದಿದ್ದರು. ಅವರು ನಮ್ಮ ಪ್ರಸಾದನಿಲಯದಲ್ಲಿಯೇ ಇದ್ದು ಓದಿದವರು. ಈಗ ತೆಂಗಿನ ತೋಟವನ್ನು ನೋಡಿಕೊಂಡಿದ್ದಾರೆ. ಪಿ.ಯು.ಸಿ. ಓದುತ್ತಿರುವ ಮಗಳು ಮುಂದೆ ಬೆಂಗಳೂರಿನಲ್ಲಿ ಫ್ಯಾಷನ್ ಡಿಸೈನ್ ಕಲಿಯುವೆನೆಂದು ಹಟ ಹಿಡಿದಿದ್ದಾಳೆ, "ಬುದ್ಧಿ, ತಾವೇ ಒಂದು ಮಾತು ಹೇಳಿ ಬಿಡಿಸಬೇಕು" ಎಂಬುದು ಅವರ ಬಿನ್ನಹ. ಹೇಳಬೇಕಾದ ಮಾತು ನಮ್ಮಲ್ಲಿ ಸಿದ್ಧವಾಗಿಯೇ ಇತ್ತು. ಅಷ್ಟರಲ್ಲಿ ಆ ಮಗು ಕೈಮುಗಿದು, "ಬುದ್ಧಿ, ನಾನು ನೋಡಿ ಆಸೆಪಟ್ಟ ಕಾರ್ಯಕ್ರಮವನ್ನು ತಾವೂ ಒಂದು ಸಲ ನೋಡಬೇಕು. ಆಮೇಲೆ ತಾವು ಬೇಡ ಅಂದರೆ ಬೇಡ" ಎಂದಳು.

ನೋಡದೆ ನಿರ್ಣಯ ಹೇಳುವುದು ನ್ಯಾಯವಲ್ಲವೆಂದು ಒಪ್ಪಿಕೊಂಡೆವು. ಪ್ರಸಾದನಿಲಯದ ವಿದ್ಯಾರ್ಥಿಯೊಬ್ಬನು ತನ್ನ ಲ್ಯಾಪ್‌ಟಾಪನ್ನು ತಂದಿಟ್ಟನು. ಸಾಯಂಪೂಜೆಯ ನಂತರ ದಿನಕ್ಕೊಂದು ಕಂತಿನಂತೆ ಹಲವು ವಾರ ನೋಡಿದೆವು. ಅದರಿಂದ ಮೂಡಿದ ಅಭಿಪ್ರಾಯವನ್ನು, ಮಕ್ಕಳನ್ನು ಓದಿಸುತ್ತಿರುವ ತಮ್ಮೆಲ್ಲರ ಮುಂದೆ ಇಡುತ್ತಿದ್ದೇವೆ.

ಕಾರ್ಯಕ್ರಮದ ಹೆಸರು 'ಪ್ರಾಜೆಕ್ಟ್ ರನ್‌ವೇ'. ಅಮೆರಿಕದ ಬ್ರಾವೊ ಎಂಬ ವಾಹಿನಿಯಲ್ಲಿ 2004ರ ಡಿಸೆಂಬರ್ ತಿಂಗಳಲ್ಲಿ ಇದು ಆರಂಭವಾಯಿತು. ಮೊದಲ ಆವೃತ್ತಿಯಲ್ಲಿ 12 ಮಂದಿ ವಸ್ತ್ರವಿನ್ಯಾಸಕಾರರು. ಪ್ರತಿ ಕಂತಿನಲ್ಲಿಯೂ ಅವರಿಗೊಂದು ಸವಾಲು. ಒಂದೆರಡು ದಿನಗಳೊಳಗೆ ಉಡುಪನ್ನು ಕಲ್ಪಿಸಿ, ಅರಿವೆಯನ್ನು ಕೊಂಡು, ಕತ್ತರಿಸಿ, ಹೊಲಿದು, ರೂಪದರ್ಶಿಗೆ ತೊಡಿಸಿ, ತೀರ್ಪುಗಾರರ ಮುಂದೆ ನಡೆಸಬೇಕು. ಒಬ್ಬರು ಗೆಲ್ಲುತ್ತಾರೆ, ಸಾಮಾನ್ಯವಾಗಿ ಒಬ್ಬರು ಹೊರಬೀಳುತ್ತಾರೆ. ಜರ್ಮನಿಯ ರೂಪದರ್ಶಿ ಹೈಡಿ ಕ್ಲುಮ್ ನಿರೂಪಕಿ. ವಿನ್ಯಾಸಕಾರ ಮೈಕೆಲ್ ಕೋರ್ಸ್ ಮತ್ತು ಪತ್ರಕರ್ತೆ ನೀನಾ ಗಾರ್ಸಿಯಾ ಅವರೊಡನೆ ತೀರ್ಪುಗಾರರಾಗಿದ್ದರು. ಅಲ್ಲಿಯ ಪ್ರತಿಷ್ಠಿತ ಪೀಬಾಡಿ ಪ್ರಶಸ್ತಿಯನ್ನು ಈ ಕಾರ್ಯಕ್ರಮವು 2007ನೆಯ ಸಾಲಿಗೆ ಪಡೆದಿದೆ. ಇದನ್ನನುಸರಿಸಿ ಅನೇಕ ಸ್ಪರ್ಧೆಗಳು ಹುಟ್ಟಿಕೊಂಡಿವೆಯಾದ್ದರಿಂದ ಮೂಲವನ್ನು ಪರೀಕ್ಷಿಸುವುದೇ ಯುಕ್ತವೆಂದು ತೋರಿತು.

ಮೊದಲು ಗುಣವನ್ನು ಹೇಳಿ ಅನಂತರ ದೋಷವನ್ನೆಣಿಸುವುದು ವಿಮರ್ಶೆಯ ಮರ್ಯಾದೆ. ಮೊಟ್ಟಮೊದಲ ಸವಾಲನ್ನೇ ನೋಡಿ. ಸ್ಪರ್ಧಿಗಳನ್ನು ಬಟ್ಟೆಯಂಗಡಿಗೆ ಕರೆದೊಯ್ಯದೆ ದಿನಸಿ ಅಂಗಡಿಗೆ ಕರೆದೊಯ್ದು, ತಲಾ 50 ಡಾಲರ್ ಕೊಟ್ಟು, ಅಲ್ಲಿ ಸಿಕ್ಕಿದ ಪದಾರ್ಥಗಳಿಂದಲೇ ಉಡುಪು ಮಾಡಿರೆಂದು ಹೇಳಿದರು. ಆಸ್ಟಿನ್ ಸ್ಕಾರ್ಲೆಟ್ ಎಂಬ ತರುಣನು ಮುಸುಕಿನ ಜೋಳದ ತೆನೆಗಳನ್ನು ಕೊಂಡು ತಂದು, ಅವುಗಳ ಸಿಪ್ಪೆಯನ್ನು ಬಿಡಿಸಿ, ಅದರಿಂದಲೇ ಉಡುಪನ್ನು ರಚಿಸಿ ಆ ಸವಾಲನ್ನು ಗೆದ್ದನು. ನಮ್ಮ ಹಿರಿಯರು ಈ ಧಾನ್ಯಕ್ಕೆ ಹೆಸರಿಡುವಾಗಲೇ ಅದರ ಹೊದಿಕೆಯನ್ನು ಮುಸುಕೆಂದು ಕರೆದಿದ್ದರು. ಆ ತರುಣನಿಗೆ ಕನ್ನಡ ಬಾರದಿದ್ದರೂ ಕಣ್ಣು ಅದನ್ನೇ ಕಂಡಿತು! ತಿಪಟೂರು ಸೀಮೆಯಲ್ಲಿ ಕಾಯಿಯ ಸಿಪ್ಪೆಯನ್ನು ನಾರಾಗಿಸಿ ಹಗ್ಗ ಹೊಸೆಯುವ, ಚಿಪ್ಪನ್ನು ಇದ್ದಿಲಾಗಿಸುವ ನಮಗೆ, ಬಿಸಾಡುವ ವಸ್ತುವಿನಲ್ಲಿ ಬಾಳುವ ವಸ್ತುವನ್ನು ಕಾಣುವ ಈ ದೃಷ್ಟಿ ಪರಕೀಯವೆನಿಸಲಾರದು.

ಇದಕ್ಕಿಂತ ಮಿಗಿಲಾದ ಗುಣವೊಂದಿದೆ. ಇಲ್ಲಿ ಕಲ್ಪಿಸಿದವನೇ ಕತ್ತರಿಸಬೇಕು, ಕತ್ತರಿಸಿದವನೇ ಹೊಲಿಯಬೇಕು. ಕಾಗದದ ಮೇಲೆ ಎಷ್ಟೇ ಚೆಲುವಾದ ಚಿತ್ರವನ್ನು ಬರೆದರೂ ತೋಳಿನ ಹೊಲಿಗೆ ಸೊಟ್ಟಗಾದರೆ ಮಾತಿನಿಂದ ಅದನ್ನು ಮುಚ್ಚಲಾಗದು. ನುಡಿಗೂ ನಡೆಗೂ ನಡುವಿನ ಅಂತರವು ಅಲ್ಲಿ ಹೊಲಿಗೆಯಲ್ಲಿಯೇ ಬಯಲಾಗುತ್ತದೆ. ನಮ್ಮ ವಿಶ್ವವಿದ್ಯಾನಿಲಯಗಳ ಪರೀಕ್ಷೆಗಳಲ್ಲಿ ಈ ಬಗೆಯ ನಿಷ್ಠುರತೆಯನ್ನು ನಾವು ಕಂಡುದು ಕಡಿಮೆ.

ಮೂರನೆಯದು ಟಿಮ್ ಗನ್ ಎಂಬವರ ಪಾತ್ರ. ನ್ಯೂಯಾರ್ಕಿನ ಪಾರ್ಸನ್ಸ್ ವಿನ್ಯಾಸ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಇವರು ಕೆಲಸದ ಕೋಣೆಯಲ್ಲಿ ಒಬ್ಬೊಬ್ಬರ ಮೇಜಿನ ಬಳಿಗೂ ಬಂದು ನಿಲ್ಲುತ್ತಾರೆ. ಕೇಳುತ್ತಾರೆ, ಶಂಕೆಯಿದ್ದರೆ ಮುಚ್ಚಿಡದೆ ಹೇಳುತ್ತಾರೆ, ಅನಂತರ ಶಿಷ್ಯನ ನಿರ್ಧಾರವನ್ನು ಅವನಿಗೇ ಬಿಟ್ಟು ಮುಂದೆ ಸಾಗುತ್ತಾರೆ. ತೀರ್ಪು ಕೊಡುವ ಅಧಿಕಾರ ಅವರದಲ್ಲ. ಮುಂದಿನ ವರ್ಷಗಳಲ್ಲಿ, ಹೊರಬಿದ್ದ ಒಬ್ಬನನ್ನು ಒಂದು ಸಲ ಉಳಿಸಿಕೊಳ್ಳುವ ಹಕ್ಕನ್ನು ಮಾತ್ರ ಅವರಿಗೆ ಕೊಟ್ಟರು. ತೂಗಿ ನೋಡುವವನು ಬೇರೆ, ತಿದ್ದಿ ನಿಲ್ಲಿಸುವವನು ಬೇರೆ. ಗುರುವಿಗೆ ಸಲ್ಲುವುದು ಎರಡನೆಯ ಸ್ಥಾನವೆಂಬುದನ್ನು ವಿನೋದಕ್ಕಾಗಿ ಹುಟ್ಟಿದ ಕಾರ್ಯಕ್ರಮವೊಂದು ಅರಿತುಕೊಂಡಿರುವುದು ನಮಗೆ ಸಂತೋಷವನ್ನುಂಟುಮಾಡಿತು.

ಇನ್ನು ದೋಷಗಳು. ಮೊದಲನೆಯದು ಅವಸರ. ಒಂದು ದಿನದಲ್ಲಿ ಹೊಲಿದುದರಿಂದ ಒಬ್ಬನ ಯೋಗ್ಯತೆಯನ್ನು ಅಳೆದು, ಇಂದು ಒಳಗಿದ್ದವನನ್ನು ನಾಳೆ ಹೊರಗಟ್ಟುವುದೇ ಇದರ ಧರ್ಮ. ನೋಡುವವರ ಕುತೂಹಲ ಕೆರಳಲು ಇದು ಬೇಕು; ಕಲಿಯುವವರಿಗೆ ಇದು ಬೇಡ. ನಮ್ಮ ಉಂಡೆಕೊಬ್ಬರಿಯನ್ನು ನೆನೆಯಿರಿ. ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ 10-11 ತಿಂಗಳು ಕಾಯುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಚಿಪ್ಪನ್ನು ಬಿಡಬೇಕು, ಅಲುಗಿಸಿದರೆ ಒಳಗೆ ಸದ್ದಾಗಬೇಕು. ನಡುವೆಯೇ ಒಡೆದರೆ ತಿರುಳು ಚಿಪ್ಪಿಗೆ ಅಂಟಿಕೊಂಡು ಉಂಡೆ ಕೆಡುತ್ತದೆ. ಈ ಸ್ಪರ್ಧೆಯು ಹಸಿಯ ಕಾಯನ್ನೊಡೆದು ಕೊಬ್ಬರಿಯಾಗಲಿಲ್ಲವೆಂದು ದೂರುವ ಬಗೆಯದು. ಅಂತಿಮ ಸುತ್ತಿಗೆ ಮಾತ್ರ ಸ್ಪರ್ಧಿಗಳನ್ನು ಊರಿಗೆ ಕಳುಹಿಸಿ ಕೆಲಕಾಲ ಬಿಡುವು ಕೊಡುತ್ತಾರೆ. ಆಗ ಅವರು ತರುವ ಉಡುಪುಗಳು ಹಿಂದಿನವುಗಳಿಗಿಂತ ಎಷ್ಟೋ ಹದವಾಗಿರುವುದನ್ನು ನೋಡಿದರೆ ಕಾಲದ ಬೆಲೆ ತಾನೇ ಗೋಚರವಾಗುತ್ತದೆ.

ಎರಡನೆಯದು ಶರೀರದ ಭೇದ. ಬಹುಕಾಲ ಈ ವೇದಿಕೆಯ ಮೇಲೆ ನಡೆದವರೆಲ್ಲರೂ ನೀಳವಾದ, ಕೃಶವಾದ ಮೈಕಟ್ಟಿನ ತರುಣಿಯರು. 2006ರ ಮೂರನೆಯ ಆವೃತ್ತಿಯಲ್ಲಿ ಒಮ್ಮೆ ಸ್ಪರ್ಧಿಗಳ ತಾಯಂದಿರನ್ನೂ ಸೋದರಿಯರನ್ನೂ ಕರೆಸಿ, ಒಬ್ಬರ ಮನೆಯವರಿಗೆ ಇನ್ನೊಬ್ಬರು ಉಡುಪು ಹೊಲಿಯಬೇಕೆಂದರು. ಅಷ್ಟು ದಿನ ಮೆರೆದಿದ್ದ ಜಾಣರು ಮಕ್ಕಳನ್ನು ಹೆತ್ತು ಸಾಕಿದ ತಾಯಿಯ ಶರೀರದ ಮುಂದೆ ತಬ್ಬಿಬ್ಬಾದರು. ಯಾರ ಮೈಗೆ ಬಟ್ಟೆ ನಿಜವಾಗಿ ಬೇಕೋ ಅವರನ್ನೇ ಅರಿಯದ ವಿದ್ಯೆ ಎಂಥದು? ಈ ಲೋಪವನ್ನು ಅವರೇ ತಡವಾಗಿಯಾದರೂ ಕಂಡುಕೊಂಡು, 2017ರ ಆವೃತ್ತಿಯಿಂದ ನಾನಾ ಗಾತ್ರದ ರೂಪದರ್ಶಿಯರನ್ನು ತಂದರು. ನಾಲ್ಕನೆಯ ಆವೃತ್ತಿಯಲ್ಲಿ ಗೆದ್ದ ಕ್ರಿಶ್ಚಿಯನ್ ಸಿರಿಯಾನೊ, 2016ರಲ್ಲಿ ಲೆಸ್ಲಿ ಜೋನ್ಸ್ ಎಂಬ ನಟಿ ತನಗೆ ಉಡುಪು ಮಾಡಿಕೊಡುವವರೇ ಇಲ್ಲವೆಂದು ಬಹಿರಂಗವಾಗಿ ನೊಂದುಕೊಂಡಾಗ ಮುಂದೆ ಬಂದು ಉಡುಪು ಮಾಡಿಕೊಟ್ಟರು. ಬಹುಮಾನಕ್ಕಿಂತ ಇದು ಮೇಲಾದ ಗೆಲವು.

ಮೂರನೆಯ ವಿಷಯ ದುಡಿಮೆಯ ಒಡೆತನ. ಮೊದಲ ಆವೃತ್ತಿಯನ್ನು ಗೆದ್ದ ಜೇ ಮೆಕ್ಯಾರಲ್ 1 ಲಕ್ಷ ಡಾಲರ್ ಬಹುಮಾನವನ್ನು ಸ್ವೀಕರಿಸಲಿಲ್ಲ. ಮುಂದಿನ ವೃತ್ತಿಯ ಗಳಿಕೆಯಲ್ಲಿ ಶೇಕಡ 10ರಷ್ಟು ಕಾರ್ಯಕ್ರಮದ ನಿರ್ಮಾಪಕರಿಗೆ ಸಲ್ಲಬೇಕೆಂಬ ಕರಾರು ಅವರಿಗೆ ಒಪ್ಪಿಗೆಯಾಗಲಿಲ್ಲ. ಮುಂಗಡ ಹಣ ಪಡೆದು ಫಸಲನ್ನು ಮೊದಲೇ ಬರೆದುಕೊಟ್ಟು ಕೆಟ್ಟ ರೈತರ ಕಥೆ ನಮ್ಮಲ್ಲಿ ಯಾರಿಗೆ ತಿಳಿಯದು? ಆ ತರುಣನ ವಿವೇಕವನ್ನು ನಾವು ಮೆಚ್ಚುತ್ತೇವೆ.

ಆದರೆ ನಮ್ಮ ಮನಸ್ಸನ್ನು ಬಹಳವಾಗಿ ಕಲಕಿದುದು ಬೇರೊಂದು. ಇದೇ ಹೈಡಿ ಕ್ಲುಮ್ ಮತ್ತು ಟಿಮ್ ಗನ್ 2020ರಲ್ಲಿ ಅಮೆಜಾನ್ ಸಂಸ್ಥೆಗಾಗಿ 'ಮೇಕಿಂಗ್ ದ ಕಟ್' ಎಂಬ ಹೊಸ ಸ್ಪರ್ಧೆಯನ್ನು ನಡೆಸಿಕೊಟ್ಟರು. ಬಹುಮಾನ 10 ಲಕ್ಷ ಡಾಲರ್. ಗೆದ್ದ ಉಡುಪು ಆ ಸಂಸ್ಥೆಯ ಮಳಿಗೆಯಲ್ಲಿಯೇ ಮಾರಾಟಕ್ಕೆ ಸಿದ್ಧ. ಇಲ್ಲಿ ಹೊಲಿಗೆಯು ಸ್ಪರ್ಧಿಯ ಹೊರೆಯಲ್ಲ. ಸಂಜೆ ಅವನು ಅಳತೆಯನ್ನೂ ಸೂಚನೆಯನ್ನೂ ಬರೆದಿಟ್ಟು ವಿಶ್ರಾಂತಿಗೆ ತೆರಳುತ್ತಾನೆ. ರಾತ್ರಿಯೆಲ್ಲ ದರ್ಜಿಗಳು ಹೊಲಿಯುತ್ತಾರೆ. ಬೆಳಗಿಗೆ ಉಡುಪು ಸಿದ್ಧವಾಗಿರುತ್ತದೆ. ಸ್ಪರ್ಧಿಯ ಬಾಲ್ಯ, ಕನಸು, ಕಣ್ಣೀರು ಎಲ್ಲವನ್ನೂ ನಾವು ಕೇಳುತ್ತೇವೆ. ರಾತ್ರಿ ಹೊಲಿದವರು ಮಾತ್ರ ಆ ಕಥೆಯಲ್ಲಿ ಪಾತ್ರವಾಗುವುದಿಲ್ಲ. ಹೊಲಿಗೆ ಕೆಟ್ಟರೆ ಅವರ ನೆನಪು ಬರುತ್ತದೆ. ಚೆನ್ನಾಗಿದ್ದರೆ ಹೊಗಳಿಕೆ ಬೇರೆಯವರಿಗೆ ಸಲ್ಲುತ್ತದೆ.

ಕಲ್ಪನೆ ದೊಡ್ಡದು, ಹೊಲಿಗೆ ಚಿಕ್ಕದು ಎಂದು ವಾದಿಸುವವರುಂಟು. ಅವರು ನಮ್ಮ ಶರಣಗಣದ ಪಟ್ಟಿಯನ್ನು ಒಮ್ಮೆ ನೋಡಲಿ. ಸೂಜಿಕಾಯಕದ ರಾಮಿತಂದೆ ಅಲ್ಲಿದ್ದಾರೆ. ಕದಿರಿನಿಂದ ನೂಲು ತೆಗೆದ ಕದಿರ ರೆಮ್ಮವ್ವೆ ಇದ್ದಾರೆ. ಮಗ್ಗದ ಮುಂದೆ ಕುಳಿತ ಜೇಡರ ದಾಸಿಮಯ್ಯನವರೂ ಬಟ್ಟೆಯನ್ನು ಮಡಿ ಮಾಡಿದ ಮಡಿವಾಳ ಮಾಚಿದೇವರೂ ಇದ್ದಾರೆ. ನೂಲುವುದರಿಂದ ಒಗೆಯುವವರೆಗೆ ಅರಿವೆ ಹಾಯುವ ಕೈಗಳಿಗೆಲ್ಲ ಹೆಸರಿದೆ. ಆ ಹೆಸರಿನೊಳಗೆ ಕಾಯಕವಿದೆ. ವಸ್ತ್ರವನ್ನೇ ತೊರೆದು ಬಂದ ಅಕ್ಕಮಹಾದೇವಿಯನ್ನು ಪೂಜಿಸಿದ ಪರಂಪರೆಯೇ ವಸ್ತ್ರವನ್ನು ನೇಯ್ದ ಕೈಯನ್ನೂ ಪೂಜಿಸಿತು. ಇದರಲ್ಲಿ ವಿರೋಧವಿಲ್ಲ. ಉಡುಪಿನ ಮೋಹ ಬೇರೆ, ಉಡುಪಿನ ಕಾಯಕ ಬೇರೆ ಎಂಬ ವಿವೇಕ ಅವರಿಗಿತ್ತು. ಇಂಥ ಸ್ಪರ್ಧೆಗಳನ್ನು ಕಂಡೊಡನೆ ಭೋಗವೆಂದು ಮುಖ ತಿರುಗಿಸುವ ನಮ್ಮಂಥವರಲ್ಲಿ ಆ ವಿವೇಕ ಸ್ವಲ್ಪ ಮಂಕಾಗಿದೆಯೇನೋ.

ಇದು ದೂರದೇಶದ ಮಾತೆಂದು ತಿಳಿಯಬೇಡಿ. ಬೆಂಗಳೂರಿನಲ್ಲಿ 1997ರಿಂದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ಶಾಖೆಯಿದೆ. ಅದೇ ನಗರದ ಸುತ್ತಮುತ್ತ, ನಮ್ಮ ಹಳ್ಳಿಗಳವರು 'ಗಾರ್ಮೆಂಟ್ಸ್' ಎಂದು ಕರೆಯುವ ಕಾರ್ಖಾನೆಗಳಿವೆ. ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯಿಂದಲೂ ಎಷ್ಟೋ ಹೆಣ್ಣುಮಕ್ಕಳು ಮಳೆ ಕೈಕೊಟ್ಟ ವರ್ಷ, ನುಸಿರೋಗ ತೆಂಗನ್ನು ಕೆಡಿಸಿದ ವರ್ಷ, ಈ ಕಾರ್ಖಾನೆಗಳ ಹೊಲಿಗೆ ಯಂತ್ರದ ಮುಂದೆ ಕುಳಿತು ಮನೆಯನ್ನು ಉಳಿಸಿದ್ದಾರೆ. 2016ರ ಏಪ್ರಿಲ್ ತಿಂಗಳಲ್ಲಿ, ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯಲಾಗದೆಂಬ ಕೇಂದ್ರದ ನಿಯಮದ ವಿರುದ್ಧ ಇಂಥ ಸಾವಿರಾರು ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗಿಳಿದರು. ಎರಡನೆಯ ದಿನಕ್ಕೇ ಸರ್ಕಾರವು ನಿಯಮವನ್ನು ಹಿಂತೆಗೆದುಕೊಂಡಿತು. ಅಂದು ಮಾತ್ರ, ನಾವು ತೊಡುವ ಅಂಗಿಯನ್ನು ಹೊಲಿದವರ ಮುಖ ನಾಡಿಗೆ ಕಂಡಿತು.

ಇಲ್ಲಿ ನಮ್ಮದೊಂದು ತಪ್ಪನ್ನೂ ಒಪ್ಪಿಸಬೇಕಾಗಿದೆ. ಹಲವು ವರ್ಷಗಳ ಹಿಂದೆ ಪ್ರಸಾದನಿಲಯದಲ್ಲಿ ಹೊಲಿಗೆಯಲ್ಲಿ ಬಲು ಆಸಕ್ತಿಯಿದ್ದ ಹುಡುಗನೊಬ್ಬನಿದ್ದನು. ಆ ಕೆಲಸವನ್ನೇ ಕಲಿಯುವೆನೆಂದು ಅಪ್ಪಣೆ ಕೇಳಿದಾಗ, "ಇಷ್ಟು ಓದಿ ದರ್ಜಿಯಾಗುವೆಯಾ?" ಎಂದು ನಕ್ಕು ಬಿ.ಕಾಂ.ಗೆ ಸೇರಿಸಿದೆವು. ಅವನು ಮರುಮಾತಾಡಲಿಲ್ಲ. ಈಗ ಒಂದು ಕಛೇರಿಯಲ್ಲಿ ಗುಮಾಸ್ತನಾಗಿದ್ದಾನೆ. ಜಾತ್ರೆಗೆ ಬಂದಾಗಲೆಲ್ಲ ಪಲ್ಲಕ್ಕಿಯ ಮೇಲುಹೊದಿಕೆಯ ಹರಿದ ಅಂಚನ್ನು, ಯಾರೂ ಹೇಳದೆ, ಒಂದು ಮೂಲೆಯಲ್ಲಿ ಕುಳಿತು ಹೊಲಿದು ಹೋಗುತ್ತಾನೆ. ಪ್ರತಿ ಬಸವಜಯಂತಿಗೂ ಕಾಯಕವನ್ನು ಕುರಿತು ಉಪನ್ಯಾಸ ಮಾಡುತ್ತ ಬಂದ ನಾವು, ಕಾಯಕವು ಎದುರಿಗೆ ಬಂದು ನಿಂತಾಗ ಅದನ್ನು ಗುರುತಿಸಲಿಲ್ಲ.

ಆದ್ದರಿಂದ ತುರುವೇಕೆರೆಯ ಆ ಮಗುವಿಗೆ ಬೇಡವೆನ್ನಲು ನಮ್ಮ ಮನಸ್ಸು ಒಪ್ಪಲಿಲ್ಲ. ಮೊನ್ನೆ ತಂದೆಯೊಡನೆ ಬಂದಿದ್ದಾಗ ಮೂರು ಮಾತು ಹೇಳಿದೆವು. "ತಾಯಿ, ಕಲಿಯಬಹುದು. ಆದರೆ ಚಿತ್ರ ಬರೆಯುವುದಕ್ಕೆ ಮುಂಚೆ ಸೂಜಿಯಲ್ಲಿ ಕೈ ಪಳಗಲಿ. ನಿನ್ನ ಮನೆಯ ಅಜ್ಜಿಗೆ, ತೋಟದಲ್ಲಿ ಬಗ್ಗಿ ದುಡಿಯುವ ಹೆಂಗಸಿಗೆ ಒಪ್ಪುವಂಥದನ್ನು ಹೊಲಿದು ತೋರಿಸು. ನಾಳೆ ನಿನ್ನ ಕೈಕೆಳಗೆ ಹತ್ತು ಮಂದಿ ಹೊಲಿಯುವಂತಾದರೆ ಅವರ ಹೆಸರನ್ನು ನಿನ್ನ ಹೆಸರಿನೊಡನೆ ಬರೆ." ಮಗು ತಲೆಯಾಡಿಸಿತು. ತಂದೆಯವರ ಮುಖದಲ್ಲಿ ಪೂರ್ಣ ಸಮಾಧಾನ ಕಾಣಲಿಲ್ಲ. ಖರ್ಚಿನ ಚಿಂತೆ, ನಗರದ ಭಯ, ನಂಟರ ಮಾತು, ಇವೆಲ್ಲ ನಮ್ಮ ಮೂರು ಮಾತುಗಳಿಂದ ಪರಿಹಾರವಾಗತಕ್ಕವಲ್ಲವೆಂದು ನಮಗೂ ಗೊತ್ತು. ಅಟ್ಟದ ಮೇಲಿನ ಕಾಯಿ ಮಾಗುವಷ್ಟು ಕಾಲ ಮಗಳಿಗೆ ಕೊಡಿರೆಂದು ಮಾತ್ರ ಅವರನ್ನು ಕೇಳಿಕೊಂಡೆವು.

ಈ ಕಾರ್ಯಕ್ರಮವನ್ನು ತಾವು ನೋಡಬಹುದೇ ಎಂದರೆ, ನೋಡಬಹುದು. ಮಕ್ಕಳೊಡನೆ ಕುಳಿತೇ ನೋಡಿರಿ. ವೇದಿಕೆಯ ಬೆಳಕನ್ನೂ ತೀರ್ಪುಗಾರರ ಚುಚ್ಚುಮಾತನ್ನೂ ಲಘುವಾಗಿ ಬಿಟ್ಟು, ಕೆಲಸದ ಕೋಣೆಯ ದೃಶ್ಯಗಳಲ್ಲಿ ಮನಸ್ಸಿಡಿರಿ. ನೋಡಿ ಮುಗಿದ ಮೇಲೆ ತಾವು ತೊಟ್ಟ ಬಟ್ಟೆಯ ಹೊಲಿಗೆಯನ್ನು ಒಮ್ಮೆ ತಿರುವಿ, ಇದನ್ನು ಯಾರು ಹೊಲಿದಿರಬಹುದೆಂದು ಮಕ್ಕಳನ್ನು ಕೇಳಿರಿ.

ಸರ್ವರಿಗೂ ಸನ್ಮಂಗಳವಾಗಲಿ. ಶರಣು ಶರಣಾರ್ಥಿ.