ಜರ್ಮನ್ ಪ್ಲ್ಯಾಟರ್, ದಹಿಸರ್ ಭಟ್ಟಿ

ದಹಿಸರ್ ಪೂರ್ವದಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಕಾರ್ಕಳದ ಕಡೆಯವರೊಬ್ಬರು ನಡೆಸುವ ಪರ್ಮಿಟ್ ರೂಮ್, ಅಂದರೆ ಬಾರ್ ಒಂದಿದೆ. ಇಪ್ಪತ್ತು ವರ್ಷಗಳ ಪರಿಚಯ. ಹೊಸ ಚಕ್ನಾ ಶುರು ಮಾಡಿದ್ದೇವೆ, ಬಂದು ತಿಂದು ನೋಡಿ ಎಂದು ಕರೆದರು. ಚಕ್ನಾ ಎಂದರೆ ಕುಡಿತದ ಜೊತೆಯ ತಿಂಡಿ. ಮೇಜಿಗೆ ತಟ್ಟೆ ತಂದಿಡುವಾಗ ಅವರು ಹೇಳಿದ್ದು ಒಂದೇ ಮಾತು: "ಮುಖ ನೋಡಿ ಮಣೆ ಹಾಕ್ಬೇಡಿ ಮಾರಾಯ್ರೆ, ಇದ್ದದ್ದು ಇದ್ದ ಹಾಗೆ ಹೇಳಿ." ಆ ಮಾತಿಗೆ ಕೊಡಬೇಕಾದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ತಟ್ಟೆಗಳು ಈಗ ಮುಂಬಯಿಯ ಉಪನಗರಗಳ ನಮ್ಮ ಕರಾವಳಿಯವರ ಬಾರುಗಳಲ್ಲಿ ಒಂದೊಂದಾಗಿ ಕಾಣಿಸಿಕೊಳ್ಳುತ್ತಿರುವುದರಿಂದ, ಇದು ಅವರೊಬ್ಬರಿಗೆ ಹೇಳಿ ಮುಗಿಸುವ ವಿಷಯವಲ್ಲ.

ತಟ್ಟೆಯಲ್ಲಿ ಇದ್ದದ್ದು ಇಷ್ಟು. ಗಂಟು ಹಾಕಿದ ಆಕಾರದ ಎರಡು ಪ್ರೆಟ್ಜೆಲ್, ಓರೆಯಾಗಿ ಕೊಯ್ದು ಹುರಿದ ಚಿಕನ್ ಸಾಸೇಜ್, ಬಟ್ಟಲಲ್ಲಿ ಹಳದಿ ಚೀಸ್ ಸಾಸ್. ಮೆನು ಕಾರ್ಡಿನಲ್ಲಿ ಹೆಸರು ಜರ್ಮನ್ ಪ್ಲ್ಯಾಟರ್. ಬೆಲೆ ಎರಡು ಪ್ಲೇಟ್ ಚಣಾ ಕೋಳಿವಾಡಕ್ಕಿಂತಲೂ ಹೆಚ್ಚು. ಅಂಧೇರಿಯ ಬ್ರೂ ಪಬ್ ಒಂದರಲ್ಲಿ ಅವರ ಮಗ ಇದನ್ನು ನೋಡಿ ಬಂದಿದ್ದಾನೆ. ಸಾಸೇಜ್ ಫ್ರೋಜನ್ ಪ್ಯಾಕೆಟಿನದು, ಸಾಸ್ ಡಬ್ಬಿಯದು, ಪ್ರೆಟ್ಜೆಲ್ ಪಕ್ಕದ ಪಾವ್ ಭಟ್ಟಿಯವರಿಗೆ ಹೇಳಿ ಮಾಡಿಸಿದ್ದು. ಅಡುಗೆಮನೆಯಲ್ಲಿ ನಡೆಯುವ ಕೆಲಸ ಎಂದರೆ ಬಿಸಿ ಮಾಡಿ ಜೋಡಿಸುವುದು.

ಈ ಸಾಹಸ ಯಾಕೆ ಬೇಕಿತ್ತು ಎಂದು ಕೇಳುವವರಿಗೆ ಬಾರ್ ಧಂದೆಯ ಈಗಿನ ಲೆಕ್ಕ ಗೊತ್ತಿರಬೇಕು. ಮಹಾರಾಷ್ಟ್ರದಲ್ಲಿ ಬಾರಿನಲ್ಲಿ ಕೊಡುವ ಮದ್ಯದ ಮೇಲಿನ ವ್ಯಾಟ್ ಶೇ. 5ರಿಂದ ಶೇ. 10ಕ್ಕೆ ಏರಿತು. ಲೈಸೆನ್ಸ್ ಶುಲ್ಕ ಶೇ. 15ರಷ್ಟು ಹೆಚ್ಚಿತು. 2025ರ ಜೂನ್‌ನಲ್ಲಿ ಅಬಕಾರಿ ಸುಂಕವೂ ಜಿಗಿಯಿತು. ಆ ವರ್ಷದ ಜುಲೈ 14ರಂದು ಹೋಟೆಲ್ ಮಾಲಕರ ಸಂಘಟನೆಯಾದ ಆಹಾರ್ ಕರೆಕೊಟ್ಟು ಬಾರುಗಳು ಒಂದು ದಿನ ಬಾಗಿಲು ಹಾಕಿದ್ದವು. ಕ್ವಾರ್ಟರ್ ಬಾಟಲಿಯನ್ನು ವೈನ್ ಶಾಪಿನಲ್ಲಿ ಕೊಂಡು ಮನೆಯ ಬಾಲ್ಕನಿಯಲ್ಲಿ ಕುಡಿಯುವವರು ಹೆಚ್ಚಾದಾಗ, ವೈನ್ ಶಾಪ್ ಕೊಡಲಾರದ್ದನ್ನು ಬಾರ್ ಕೊಡಬೇಕಾಗುತ್ತದೆ. ಅದು ಎರಡೇ: ಕೂರಲು ಮೇಜು, ತಿನ್ನಲು ಅಡುಗೆ. ಆದ್ದರಿಂದ ಹೊಸ ಚಕ್ನಾ ಹುಡುಕುವುದು ಶೋಕಿಯಲ್ಲ, ಬದುಕುವ ದಾರಿ. ಆ ಮಟ್ಟಿಗೆ ಅವರ ಪ್ರಯತ್ನಕ್ಕೆ ನನ್ನ ಪೂರ್ತಿ ಬೆಂಬಲವಿದೆ. ನನ್ನ ತಕರಾರು ಅವರು ಹುಡುಕಿದ ಜಾಗದ ಬಗ್ಗೆ.

ಮೊದಲು ಪ್ರೆಟ್ಜೆಲ್. ಜರ್ಮನರು ಇದನ್ನು ಬ್ರೆಟ್ಸೆಲ್ ಎನ್ನುತ್ತಾರೆ, ಬವೇರಿಯಾದಲ್ಲಿ ಬ್ರೆಟ್ಸೆ. ಇದರ ಜೀವ ಗಂಟಿನಲ್ಲಿಲ್ಲ, ಚರ್ಮದಲ್ಲಿದೆ. ಮೈದಾ, ಯೀಸ್ಟ್, ಉಪ್ಪು, ಸ್ವಲ್ಪ ಕೊಬ್ಬು ಸೇರಿಸಿ ನಾದಿದ ಹಿಟ್ಟನ್ನು ಹೊಸೆದು ಗಂಟು ಹಾಕಿದ ಮೇಲೆ, ಬೇಯಿಸುವ ಮುಂಚೆ ಅದನ್ನು ಕ್ಷಾರದ ನೀರಿನಲ್ಲಿ ಅದ್ದುತ್ತಾರೆ. ಅಲ್ಲಿನ ಬೇಕರಿಗಳಲ್ಲಿ ಬಳಸುವುದು ಕಾಸ್ಟಿಕ್ ಸೋಡಾದ ಶೇ. 3ರಿಂದ 4ರ ದ್ರಾವಣ. ಕ್ಷಾರ ತಾಗಿದ ಹಿಟ್ಟಿನ ಮೇಲ್ಮೈ ಬಿಸಿಗೆ ಬೇಗ ಕೆಂಪೇರಿ ಹೊಳೆಯುವ ಕಂದುಬಣ್ಣ ಪಡೆಯುತ್ತದೆ. ಮಾಮೂಲಿ ಬ್ರೆಡ್ಡಿಗೆ ಇಲ್ಲದ ಒಂದು ಒಗರು ರುಚಿ ಹುಟ್ಟುವುದೂ ಆಗಲೇ. ಮೇಲೆ ಕಲ್ಲುಪ್ಪು. ಜರ್ಮನಿಯ ಶ್ವಾಬಿಯಾ ಸೀಮೆಯ ಪದ್ಧತಿಯಲ್ಲಿ ಕೈಗಳು ತೆಳ್ಳಗೆ ಗರಿಗರಿ, ಹೊಟ್ಟೆ ದಪ್ಪ ಮತ್ತು ಮೆತ್ತಗೆ, ಹೊಟ್ಟೆಗೊಂದು ಸೀಳು. ಒಂದೇ ತಿಂಡಿಯೊಳಗೆ ಎರಡು ತಿಂಡಿ ಇರುತ್ತದೆ. ದಹಿಸರಿನ ತಟ್ಟೆಯಲ್ಲಿದ್ದದ್ದು ಪಾವ್‌ನ ಹಿಟ್ಟನ್ನು ಗಂಟು ಹಾಕಿ ಬೇಯಿಸಿದ್ದು. ಎಲ್ಲಾ ಕಡೆ ಒಂದೇ ದಪ್ಪ, ಎಲ್ಲಾ ಕಡೆ ಒಂದೇ ಮೆತ್ತಗೆ, ಬಣ್ಣಕ್ಕೆ ಮೇಲೆ ಬೆಣ್ಣೆ ಸವರಿದ್ದಾರೆ. ಪಾವ್ ಆಗಿ ಅದು ಚೆನ್ನಾಗಿತ್ತು. ಆದರೆ ಅದಕ್ಕೆ ಪಾವ್‌ನ ಬೆಲೆಯಷ್ಟೇ ಸಲ್ಲುತ್ತದೆ.

ಇದನ್ನು ನಾನು ಹೇಳುತ್ತಿದ್ದಾಗ ಬೈಂದೂರು ಕಡೆಯ ಅಡುಗೆಯವರು ಒಳಗಿನಿಂದ ಬಂದು ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ಕ್ಷಾರದ ವಿಷಯ ಬಂದಾಗ ಅವರು ಬಾಯಿ ತೆರೆದರು: "ಹಪ್ಪಳಕ್ಕೆ ಹಾಕುವ ಪಾಪಡ್ ಖಾರ್ ಉಂಟಲ್ಲ ಅಣ್ಣ, ಅದೇ ಅಲ್ವಾ?" ಆ ಸಂಜೆ ಮೇಜಿನ ಸುತ್ತ ಆಡಿದ ಮಾತುಗಳಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿರಲಿಲ್ಲ. ಉದ್ದಿನ ಹಿಟ್ಟಿಗೆ ಕ್ಷಾರ ಬೆರೆಸಿ ಹಪ್ಪಳ ಲಟ್ಟಿಸುವ ನಮ್ಮ ಮನೆಗಳಿಗೆ ಬ್ರೆಟ್ಸೆಲಿನ ಗುಟ್ಟು ಹೊರಗಿನದಲ್ಲ. ಹಪ್ಪಳದಲ್ಲಿ ಕ್ಷಾರ ಹಿಟ್ಟಿನೊಳಗೆ ಸೇರುತ್ತದೆ, ಬ್ರೆಟ್ಸೆಲಿನಲ್ಲಿ ಮೇಲೆ ನಿಲ್ಲುತ್ತದೆ. ತಿಂಗಳುಗಟ್ಟಲೆ ಮಗ, ಮಾಲಕ, ಭಟ್ಟಿಯವರು ಎಲ್ಲರೂ ಓಡಾಡಿದ್ದಾರೆ. ಮೂವತ್ತು ವರ್ಷ ಒಲೆಯ ಮುಂದೆ ನಿಂತವರನ್ನು ಮಾತ್ರ ಯಾರೂ ಕೇಳಿರಲಿಲ್ಲ. ಈ ತಟ್ಟೆಯ ನಿಜವಾದ ದೋಷ ಅಲ್ಲಿದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಬಾರಿನ ಇಕ್ಕಟ್ಟು ಅಡುಗೆಮನೆಗೆ ಕಾಸ್ಟಿಕ್ ಸೋಡಾ ತರಲೇಬಾರದು. ಅದು ಕೈ ಸುಡುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಅಡುಗೆ ಸೋಡಾವನ್ನು ಹರಡಿ ಒಲೆಯಲ್ಲಿ ಒಂದು ಗಂಟೆ ಕಾಯಿಸಿದರೆ ಮೂರನೇ ಒಂದು ಪಾಲಿನಷ್ಟು ತೂಕ ಕಳೆದುಕೊಂಡು ಅದು ಹೆಚ್ಚು ತೀಕ್ಷ್ಣವಾದ ಕ್ಷಾರವಾಗುತ್ತದೆ. ನೀರಿಗೆ ಹಾಕಿ ಅದ್ದಲು ಅಷ್ಟು ಸಾಕು. ಅದಕ್ಕೂ ಕೈಗವಸು ಬೇಕು.

ಸಾಸೇಜಿನ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಪ್ಯಾಕೆಟಿನ ರುಚಿ ಪ್ಯಾಕೆಟಿನದು. ಆದರೆ ಸಾಸೇಜನ್ನೇ ಬಾರಿನ ತಿಂಡಿಯಾಗಿ ಮಾಡಬೇಕೆಂದಿದ್ದರೆ ಜರ್ಮನಿಯಲ್ಲೇ ಒಂದು ಪಾಠವಿತ್ತು. 1949ರ ಸೆಪ್ಟೆಂಬರ್ 4ರಂದು, ಯುದ್ಧದಲ್ಲಿ ಕುಸಿದ ಬರ್ಲಿನ್ನಿನ ಷಾರ್ಲೊಟ್ಟೆನ್‌ಬುರ್ಗ್‌ನಲ್ಲಿ ಅಂಗಡಿ ಇಟ್ಟಿದ್ದ ಹೆರ್ತಾ ಹೊಯ್‌ವರ್ ಎಂಬ ಹೆಂಗಸು ಟೊಮೆಟೊ ಸಾಸಿಗೆ ಕರಿ ಪೌಡರ್ ಮತ್ತು ಇತರ ಮಸಾಲೆ ಬೆರೆಸಿ ಹುರಿದ ಸಾಸೇಜಿನ ಮೇಲೆ ಸುರಿದಳು ಎಂಬುದು ಕರಿವುರ್ಸ್ಟ್ ಹುಟ್ಟಿದ ಕತೆ. ಆ ಸಾಸಿಗೆ ಚಿಲ್ಲಪ್ ಎಂದು ಹೆಸರಿಟ್ಟು 1959ರಲ್ಲಿ ನೋಂದಣಿಯನ್ನೂ ಮಾಡಿಸಿದಳು. ನಮ್ಮ ಕಡೆಯ ಮಸಾಲೆ ಬ್ರಿಟಿಷರ ಡಬ್ಬಿಯಲ್ಲಿ ಕೂತು ಬರ್ಲಿನ್ ಸೇರಿ, ಕಟ್ಟಡ ಕೆಲಸದವರ ಮಧ್ಯಾಹ್ನದ ಊಟವಾಯಿತು. ಕೈಗೆ ಸಿಕ್ಕಿದ್ದನ್ನು ತನ್ನ ಗಿರಾಕಿಯ ನಾಲಿಗೆಗೆ ಹೊಂದಿಸುವುದು ಅವಳು ಮಾಡಿದ ಕೆಲಸ. ದಹಿಸರಿನ ಅಡುಗೆಮನೆಯಲ್ಲಿ ಬ್ಯಾಡಗಿ ಮೆಣಸಿನ ಘೀ ರೋಸ್ಟ್ ಮಸಾಲೆ ದಿನಾ ರುಬ್ಬುತ್ತಾರೆ. ಅದರ ಒಂದು ಚಮಚ ಸಾಸೇಜಿಗೆ ತಾಗಿದ್ದರೂ ಈ ತಟ್ಟೆ ಬೇರೆಯಾಗುತ್ತಿತ್ತು.

ಇನ್ನೊಂದು ವಿಷಯ ದಹಿಸರ್-ಬೊರಿವಲಿಯಲ್ಲಿ ಧಂದೆ ಮಾಡುವವರಿಗೆಲ್ಲ ಗೊತ್ತಿದೆ. ಇಲ್ಲಿ ಗುಜರಾತಿ ಗಿರಾಕಿಗಳು ಬಹಳ. ಮಾಂಸ ತಿನ್ನುವವರಲ್ಲೂ ಮಂಗಳವಾರ, ಗುರುವಾರ, ಶನಿವಾರ ಪಾಲಿಸುವವರಿದ್ದಾರೆ. ನಾಲ್ವರು ಕೂತ ಮೇಜಿನಲ್ಲಿ ಒಬ್ಬನಾದರೂ ವೆಜ್ ಇರುತ್ತಾನೆ. ಚಕ್ನಾ ಎಂದರೆ ನಾಲ್ವರ ಕೈಯೂ ಒಂದೇ ತಟ್ಟೆಗೆ ಹೋಗಬೇಕಾದ ವಸ್ತು. ಮೊಟ್ಟೆಯೂ ಮಾಂಸವೂ ಇಲ್ಲದ ಬ್ರೆಟ್ಸೆಲನ್ನು ಸಾಸೇಜಿನ ಜೊತೆ ಒಂದೇ ತಟ್ಟೆಯಲ್ಲಿಟ್ಟದ್ದರಿಂದ ಆ ನಾಲ್ಕನೆಯವನು ಎರಡನ್ನೂ ಕಳೆದುಕೊಂಡ.

ಹಳದಿ ಸಾಸ್ ಅಂತೂ ಬೇಡವೇ ಬೇಡ. ಅದು ಅಮೆರಿಕದ ಸಿನಿಮಾ ಟಾಕೀಸಿನ ರುಚಿ. ಬವೇರಿಯಾದವರು ಬಿಯರಿನ ಜೊತೆ ತಿನ್ನುವ ಮುದ್ದೆ ಬೇರೆ, ಒಬಾಟ್ಸ್‌ಡಾ ಎಂದು: ಹಣ್ಣಾದ ಚೀಸನ್ನು ಬೆಣ್ಣೆ, ಈರುಳ್ಳಿ, ಪ್ಯಾಪ್ರಿಕಾ ಹಾಕಿ ಕೈಯಲ್ಲೇ ಕಿವುಚಿದ್ದು. ಅದಕ್ಕಿಂತಲೂ ಸರಳವಾದದ್ದು ರಾಡಿ, ಅಂದರೆ ಬಿಳಿ ಮೂಲಂಗಿ. ಅದನ್ನು ಸುರುಳಿಯಾಗಿ ತೆಳ್ಳಗೆ ಕೊಯ್ದು ಉಪ್ಪು ಸವರಿ ಬಿಟ್ಟರೆ ನೀರು ಬಿಡುತ್ತದೆ. ಮೂಲಂಗಿ ಅಳುತ್ತದೆ ಎನ್ನುತ್ತಾರೆ ಅಲ್ಲಿ. ಅತ್ತು ಮೆತ್ತಗಾದ ಮೇಲೆ ತಿನ್ನುವುದು. ಮುಂಬಯಿಯ ಪರ್ಮಿಟ್ ರೂಮಿನಲ್ಲಿ ಬೇಯಿಸಿದ ಚಣಾ, ಶೇಂಗಾದ ಪಕ್ಕದಲ್ಲಿ ಸೌತೆ, ಗಾಜರ್, ಮೂಲಂಗಿ ಹೋಳುಗಳನ್ನು ನಿಂಬೆ ಹಿಂಡಿ ಪುಕ್ಕಟೆ ಇಡುವ ರೂಢಿ ಮೊದಲಿನಿಂದಲೂ ಇದೆ. ಜರ್ಮನಿಯ ಅಚ್ಚ ಬಿಯರ್ ತಿಂಡಿ ಈ ಮೇಜಿನ ಮೇಲೆ ಆಗಲೇ ಇತ್ತು. ಅದನ್ನು ಬಿಟ್ಟು ಡಬ್ಬಿ ಒಡೆದರು.

ನನಗೆ ಮುಖ್ಯವಾಗಿ ಕಂಡದ್ದು ಇದು. ಪ್ಲ್ಯಾಟರ್ ಎಂಬ ಶಬ್ದವೇ ಈ ತಿಂಡಿಗಳ ಹುಟ್ಟಿಗೆ ವಿರುದ್ಧ. 1812ರಲ್ಲಿ ಬವೇರಿಯಾದ ದೊರೆ ಒಂದನೆಯ ಮ್ಯಾಕ್ಸ್ ಯೋಸೆಫ್, ಬಿಯರ್ ತಯಾರಿಸುವವರು ತಮ್ಮ ನೆಲಮಾಳಿಗೆಗಳ ಮೇಲೆ ಬಿಯರ್ ಮಾರಬಹುದು, ಬ್ರೆಡ್ಡಿನ ಹೊರತು ಊಟ ಮಾರಬಾರದು ಎಂದು ಆಜ್ಞೆ ಮಾಡಿದ. ಜನ ಮನೆಯಿಂದ ಬುತ್ತಿ ತಂದರು. ಆ ರೂಢಿ ಅಲ್ಲಿನ ಬಿಯರ್ ತೋಟಗಳಲ್ಲಿ ಇಂದಿಗೂ ಉಳಿದಿದೆ. ಬ್ರೆಟ್ಸೆಲ್, ಮೂಲಂಗಿ, ಕಿವುಚಿದ ಚೀಸ್ ಇವೆಲ್ಲ ದುಡಿದು ದಣಿದವರ ಗಂಟಿನಿಂದ ಬಂದವು. ಮುಂಬಯಿಯ ಪರ್ಮಿಟ್ ರೂಮೂ ಒಂದು ಕಾನೂನಿನ ಕೂಸು. 1949ರ ಪಾನನಿಷೇಧ ಕಾಯಿದೆಯ ಕಾಲದ ಪರ್ಮಿಟ್ಟು ಬೋರ್ಡಿನ ಮೇಲೆ ಇನ್ನೂ ಉಳಿದಿದೆ. ಅಲ್ಲಿ ಬೆಳೆದ ಚಕ್ನಾವೂ ದುಡಿಯುವವನದು: ಬೇಗ ಬರಬೇಕು, ಒಣಗಿರಬೇಕು, ಉಪ್ಪು ಮುಂದಿರಬೇಕು, ಒಂದು ಕೈಯಲ್ಲಿ ಎತ್ತಬರಬೇಕು, ಜೇಬಿಗೆ ಭಾರವಾಗಬಾರದು. ಎರಡೂ ಒಂದೇ ಗುಣದವು. ಅವುಗಳ ನಡುವೆ ದುಬಾರಿ ತಟ್ಟೆಯೊಂದನ್ನು ತಂದಿಟ್ಟಾಗ ನೆಂಟಸ್ತಿಕೆ ಕಡಿದುಹೋಯಿತು.

ಕರಾವಳಿಯವರಾದ ನಮಗೆ ಈ ನೆಂಟಸ್ತಿಕೆ ಹೊಸದೂ ಅಲ್ಲ. 1834ರಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪಾದ್ರಿಗಳಲ್ಲಿ ಬಹಳ ಮಂದಿ ವ್ಯುರ್ಟೆಂಬೆರ್ಗ್ ಸೀಮೆಯವರು, ಅಂದರೆ ಶ್ವಾಬಿಯಾದ ಬ್ರೆಟ್ಸೆಲಿನ ತವರಿನವರು. 1843ರ ಜುಲೈ 1ರಂದು ಮಂಗಳೂರ ಸಮಾಚಾರ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು ಅಲ್ಲಿಯ ಬ್ರಾಕೆನ್‌ಹೈಮ್‌ನಲ್ಲಿ. ಈ ಮಿಶನ್ನಿನವರಿಂದ ನಮಗೆ ಪತ್ರಿಕೆ ಬಂತು, 1865ರಲ್ಲಿ ಜೆಪ್ಪುವಿನ ಹಂಚು ಬಂತು, 1894ರಲ್ಲಿ ಕಿಟೆಲ್ ನಿಘಂಟು ಬಂತು. ಹಂಚು ನಮ್ಮ ಮನೆಯ ಮಾಡೇ ಆಯಿತು. ಜೇಡಿ ನಮ್ಮದು, ಸುಟ್ಟ ಕೈ ನಮ್ಮದು, ಹೆಸರೂ ಮಂಗಳೂರು ಹಂಚು. ಹೊರಗಿನದು ಊರಿನದಾಗುವುದು ಹೀಗೆ.

ಮುಂಬಯಿಯಲ್ಲೂ ಇದಕ್ಕೆ ಉದಾಹರಣೆ ಇದೆ. 1975ರಲ್ಲಿ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ನೆಲ್ಸನ್ ವಾಂಗ್ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿಗೆ ಸೋಯಾ ಸಾಸ್ ಹಾಕಿ ಮಾಡಿದ ಚಿಕನ್ ಮಂಚೂರಿಯನ್ ಎಲ್ಲಾ ಬಾರುಗಳಿಗೆ ಹರಡಿತು. ಮಂಚೂರಿಯಾಕ್ಕೆ ಸೇರದ ಈ ಅಡುಗೆ ಗೆದ್ದದ್ದು ಅದನ್ನು ಕಟ್ಟಿದ ಕೈಯ ಬಲದಿಂದ. ಅದೇ ಹೆಸರು ಕೈ ಬಿಟ್ಟು ಬಣ್ಣದ ಮೇಲೆ ನಿಂತಾಗ ಏನಾಯಿತೆಂದೂ ಕಂಡಿದ್ದೇವೆ: 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಯ ಕೃತಕ ಬಣ್ಣವನ್ನು ನಿಷೇಧಿಸಬೇಕಾಯಿತು.

ಎರಡು ವಾರ ಬಿಟ್ಟು ಮತ್ತೆ ಹೋದೆ. ಅಡುಗೆಯವರು ತಾವೇ ಭಟ್ಟಿಗೆ ಹೋಗಿ ಕೂತು ಬಂದಿದ್ದರು. ಗಂಟು ಬಿಟ್ಟಿದ್ದರು. ಬೆರಳುದ್ದದ ಕಡ್ಡಿಗಳು, ಕಾಯಿಸಿದ ಸೋಡಾದ ನೀರಿನಲ್ಲಿ ಅದ್ದಿ, ಮೇಲೆ ಪುಡಿಮಾಡಿದ ಕಲ್ಲುಪ್ಪು ಮತ್ತು ಓಮ ಹಾಕಿ ಬೇಯಿಸಿದ್ದು. ಓಮ ಕೋಡುಬಳೆಯ ನೆನಪಿಗೆ ಹಾಕಿದೆ ಎಂದರು. ಜರ್ಮನಿಯಲ್ಲಿ ಕಡ್ಡಿಯ ರೂಪ ಇದ್ದೇ ಇದೆ, ಲೌಗನ್‌ಸ್ಟಾಂಗೆ, ಅಂದರೆ ಕ್ಷಾರದ ಕೋಲು. ಅವರಿಗೆ ಅದು ಗೊತ್ತಿರಲಿಲ್ಲ, ನಾಲ್ವರು ಹಂಚಿಕೊಳ್ಳಲು ಅನುಕೂಲವೆಂದು ಮಾಡಿದ್ದರು. ಬಣ್ಣ ಇನ್ನೂ ಸ್ವಲ್ಪ ಗಾಢವಾಗಬೇಕು, ಒಂದೆರಡು ಕಡ್ಡಿ ಒಳಗೆ ಹಿಟ್ಟುಹಿಟ್ಟಾಗಿದ್ದವು. ಆದರೆ ಕಡಿದಾಗ ಚರ್ಮ ಟಪ್ಪೆಂದಿತು, ಆ ಒಗರು ಬಂತು, ಮೂಲಂಗಿಯ ಜೊತೆ ಇನ್ನೂ ಚೆನ್ನಾಗಿತ್ತು. ವೇಟರ್ ಹುಡುಗರು ಅದನ್ನು ಆಗಲೇ ಜರ್ಮನ್ ಪಾವ್ ಎಂದು ಕರೆಯತೊಡಗಿದ್ದರು. ಪೋರ್ಚುಗೀಸರ ಪಾವ್ ಮುಂಬಯಿಯದಾದ ಹಾಗೆ ಇದೂ ಆಗಲಿ. ಈ ಹೆಸರು ಪ್ಲ್ಯಾಟರಿಗಿಂತ ಹತ್ತು ಪಾಲು ಮೇಲು. ಹೊಸ ಕಾರ್ಡು, ಪೋಸ್ಟರು ಯಾವುದೂ ಬೇಡ. ಪುಕ್ಕಟೆ ತಟ್ಟೆಯಲ್ಲಿ ಮೊದಲ ತಿಂಗಳು ಒಂದೊಂದು ಕಡ್ಡಿ ಇಡಿ, ಉಳಿದದ್ದನ್ನು ವೇಟರಿನ ಬಾಯಿ ಮಾಡುತ್ತದೆ. ಬಾರಿನಲ್ಲಿ ತಿಂಡಿ ಮಾರಿಹೋಗುವುದು ಗಿರಾಕಿ ಪಕ್ಕದ ಮೇಜು ನೋಡಿ ಅದೇ ಕೊಡು ಎಂದಾಗ.

ಹಾಗಾಗಿ ನನ್ನ ತೀರ್ಪು: ಸಾಸೇಜ್ ಪ್ಯಾಕೆಟು, ಹಳದಿ ಸಾಸು, ಪ್ಲ್ಯಾಟರ್ ಎಂಬ ಹೆಸರು ಮೂರನ್ನೂ ತೆಗೆಯಿರಿ. ಕಡ್ಡಿ ಉಳಿಸಿ, ಮೂಲಂಗಿಯನ್ನು ಅಳಲು ಬಿಡಿ. ಮತ್ತೊಂದು ಬಿನ್ನಹ, ಇದು ನಮ್ಮವರ ಎಲ್ಲ ಹೋಟೆಲು ಬಾರುಗಳಿಗೂ. ಹೆರ್ತಾ ಹೊಯ್‌ವರ್, ನೆಲ್ಸನ್ ವಾಂಗ್ ಎಂಬ ಹೆಸರುಗಳನ್ನು ಜಗತ್ತು ನೆನಪಿಟ್ಟಿದೆ. ನಮ್ಮ ಅಡುಗೆಮನೆಗಳಲ್ಲಿ ಹೊಸ ರುಚಿ ಕಟ್ಟಿ, ಮುದುಕರಾಗಿ, ಊರಿಗೆ ಮರಳಿದ ಎಷ್ಟೋ ಮಂದಿಯ ಹೆಸರು ಒಂದು ಮೆನು ಕಾರ್ಡಿನಲ್ಲೂ ಉಳಿದಿಲ್ಲ. ಮುಂದಿನ ಬಾರಿ ಕಾರ್ಡು ಅಚ್ಚು ಹಾಕಿಸುವಾಗ ಜರ್ಮನ್ ಪಾವ್ ಎಂಬುದರ ಕೆಳಗೆ ಆ ಬೈಂದೂರಿನವರ ಹೆಸರು ಹಾಕಿಸಿ, ಅಣ್ಣ.