ಬೆಟ್ಟ ಹತ್ತುವ ಮೊದಲು ಬುಡ ನೋಡಿ

ಭಾನುವಾರ ಬೆಳಗಿನ ಜಾವ ಹೆಬ್ಬಾಳದ ಮೇಲ್ಸೇತುವೆ ದಾಟುವ ಬೈಕು, ಕಾರುಗಳಲ್ಲಿ ಎಷ್ಟೋ ನಂದಿಬೆಟ್ಟದ ಸೂರ್ಯೋದಯಕ್ಕೆ ಹೊರಟವು. ಮೇಲೆ ಮಂಜು ಕವಿದಿದ್ದರೆ ಸೂರ್ಯ ಕಾಣುವುದಿಲ್ಲ, ಕೆಳಗೆ ಸಾಲುಗಟ್ಟಿ ನಿಂತ ಹೊತ್ತೂ ದಂಡ. ಆದರೆ ಬೆಂಗಳೂರಿನ ಉತ್ತರಕ್ಕೆ ಹರಡಿರುವ ಈ ಸೀಮೆಯ ಸಿರಿಯೆಲ್ಲ ಬೆಟ್ಟದ ನೆತ್ತಿಯ ಮೇಲಿಲ್ಲ. ಬುಡದಲ್ಲಿದೆ, ಹಾದಿಯಲ್ಲಿದೆ.

ಹಾದಿ ಶುರುವಾಗುವುದೇ ಹೆಬ್ಬಾಳದಲ್ಲಿ. 2018ರಲ್ಲಿ ಚರಂಡಿಗೆಂದು ಮಣ್ಣು ಅಗೆಯುವಾಗ ಇಲ್ಲೊಂದು ವೀರಗಲ್ಲು ಸಿಕ್ಕಿತು. ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಕಾಳಗದಲ್ಲಿ ಮಡಿದ ಕಿತ್ತಯ್ಯನ ಹೆಸರು ಅದರಲ್ಲಿದೆ, ಪೆರ್ಬೊಳಲು ನಾಡಿನ ಹೆಸರೂ ಇದೆ. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಇದನ್ನೇ ಅತಿ ಹಳೆಯದೆಂದು ಎಣಿಸಲಾಗುತ್ತದೆ. ಅರ್ಧ ಗಂಟೆ ಬಿಡುವು ಮಾಡಿಕೊಂಡು ಅದನ್ನು ನೋಡಿ ಹೊರಟವರಿಗೆ ಮುಂದಿನ ಊರುಗಳ ವಯಸ್ಸು ತಾನೇ ಅರ್ಥವಾಗುತ್ತದೆ.

ಮುಂದಕ್ಕೆ ಕಾರು ಬೇಡ. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ಹಿಡಿಯಿರಿ. ದಿನಕ್ಕೆ ಕೆಲವೇ ರೈಲುಗಳಿರುವುದರಿಂದ ಹೋಗುವ ವೇಳೆಯ ಜೊತೆಗೆ ಬರುವ ವೇಳೆಯನ್ನೂ ಹಿಂದಿನ ದಿನವೇ ನೋಡಿಟ್ಟುಕೊಳ್ಳಬೇಕು. ನೂರು ವರ್ಷದ ಹಿಂದೆ ಕಿರುಹಳಿಯ ಪುಟ್ಟ ಗಾಡಿ ಓಡುತ್ತಿದ್ದ ಮಾರ್ಗವಿದು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳಲ್ಲಿ ಆ ಕಾಲದ ನಿಲ್ದಾಣದ ಕಟ್ಟಡಗಳು ಉಳಿದಿವೆ. ನಂದಿ ಹಾಲ್ಟ್‌ನಲ್ಲಿ ಇಳಿದರೆ ನಂದಿ ಗ್ರಾಮಕ್ಕೆ ನಡೆದೇ ಹೋಗಬಹುದು.

ಅಲ್ಲಿ ಭೋಗನಂದೀಶ್ವರ. ಈ ದೇಗುಲಕ್ಕೆ ಕನಿಷ್ಠ ಎರಡು ಗಂಟೆ ಇಟ್ಟುಕೊಳ್ಳಿ, ಹತ್ತು ನಿಮಿಷದ ಕೈಮುಗಿತಕ್ಕೆ ಬಂದರೆ ನಷ್ಟ ನಿಮ್ಮದೇ. ಒಂಬತ್ತನೇ ಶತಮಾನದ ಆರಂಭದ ಶಾಸನಗಳು ಇದನ್ನು ಉಲ್ಲೇಖಿಸುತ್ತವೆ. ಗಂಗರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಸರದಿಯಂತೆ ಕೈಯಾಡಿಸಿದ ಜಾಗ. ಅರುಣಾಚಲೇಶ್ವರ, ಭೋಗನಂದೀಶ್ವರ ಗುಡಿಗಳೆರಡು ಅಕ್ಕಪಕ್ಕ, ನಡುವೆ ಉಮಾಮಹೇಶ್ವರನ ಪುಟ್ಟ ಗುಡಿ. ಅದರ ಮುಂದಿನ ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳ ಹತ್ತಿರ ಕುಳಿತು ನೋಡಿ: ಶಿವ-ಪಾರ್ವತಿ, ಬ್ರಹ್ಮ-ಸರಸ್ವತಿ, ವಿಷ್ಣು-ಲಕ್ಷ್ಮಿಯರ ಜೊತೆಗೆ ಅಗ್ನಿ ಮತ್ತು ಸ್ವಾಹಾದೇವಿಯೂ ಇದ್ದಾರೆ. ಮದುವೆಯ ಮಂಟಪಕ್ಕೆ ಅಗ್ನಿದಂಪತಿಯನ್ನೇ ಕರೆತಂದ ಶಿಲ್ಪಿಯ ಔಚಿತ್ಯ ದೊಡ್ಡದು. ಜಾಲಂಧ್ರಗಳ ಕೆತ್ತನೆ ಕಾಣಬೇಕಾದರೆ ಬೆಳಗಿನ ಓರೆ ಬಿಸಿಲೇ ಸರಿ. ಮಧ್ಯಾಹ್ನವಾದರೆ ಅಂಗಳದ ಹಾಸುಗಲ್ಲು ಕಾದು ಬರಿಗಾಲಿಗೆ ಹೆಜ್ಜೆ ಇಡಲಾಗುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಶೃಂಗಿತೀರ್ಥವನ್ನು ಮರೆಯದೆ ನೋಡಿ.

ಬೆಟ್ಟ ಬೇಕೇ ಬೇಕೆನ್ನುವವರು ವಾರದ ನಡುವೆ ಹೋಗಲಿ. ಮೊಣಕಾಲು ಗಟ್ಟಿಯಿದ್ದವರಿಗೆ ಸುಲ್ತಾನ್‌ಪೇಟೆಯಿಂದ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳ ಹಳೆಯ ದಾರಿಯಿದೆ, ನೀರು ಕೆಳಗಿನಿಂದಲೇ ಒಯ್ಯಬೇಕು. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಟಿಪ್ಪುವಿನ ಕೈಯಿಂದ ಕಿತ್ತುಕೊಂಡ ಕೋಟೆ ಇದು. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಇಲ್ಲಿ ತಂಗಿದ್ದರು. ಯೋಗನಂದೀಶ್ವರನಿರುವುದು ಮೇಲೆ. ಕೆಳಗಿನ ಭೋಗವನ್ನು ಕಂಡೇ ಆತನನ್ನು ಕಾಣುವುದು ಸರಿಯಾದ ಕ್ರಮ.

ಬರುವಾಗ ದೇವನಹಳ್ಳಿಯಲ್ಲಿ ಇಳಿಯಿರಿ. ಆವತಿ ಮನೆತನದ ಮಲ್ಲಬೈರೇಗೌಡ 1501ರಲ್ಲಿ ಕಟ್ಟಿಸಿದ ಮಣ್ಣಿನ ಕೋಟೆಗೆ ಕಲ್ಲಿನ ರೂಪ ಬಂದದ್ದು ಹೈದರಾಲಿಯ ಕಾಲದಲ್ಲಿ. ಒಳಗೆ ಇಂದಿಗೂ ಜನ ವಾಸವಾಗಿದ್ದಾರೆ. ಮನೆಬಾಗಿಲುಗಳತ್ತ ಕ್ಯಾಮೆರಾ ತಿರುಗಿಸುವ ಮೊದಲು ಕೇಳುವುದು ಮರ್ಯಾದೆ. ವೇಣುಗೋಪಾಲಸ್ವಾಮಿ ದೇವಸ್ಥಾನದ ಗೋಡೆಗಳಲ್ಲಿ ರಾಮಾಯಣವೂ ಬಾಲಕೃಷ್ಣನ ತುಂಟಾಟವೂ ಇವೆ, ಒಂದು ಸುತ್ತು ನಿಧಾನವಾಗಿ ಬನ್ನಿ. ಟಿಪ್ಪು ಹುಟ್ಟಿದ ಜಾಗದ ಪುಟ್ಟ ಕಲ್ಲುಕಂಬದ ಸ್ಮಾರಕ ಮಾತ್ರ ಕೋಟೆಯ ಹೊರಗಿದೆ. ಹೆಚ್ಚಿನವರು ಅದನ್ನು ಒಳಗೇ ಹುಡುಕಿ ವಾಪಸಾಗುತ್ತಾರೆ.

ಕಾಲವಾಗಿದ್ದರೆ ಇಲ್ಲಿನ ಚಕ್ಕೋತ ಕೊಳ್ಳಿ, ಗಾತ್ರಕ್ಕಿಂತ ತೂಕ ನೋಡಿ ಆರಿಸಿದರೆ ರಸ ಹೆಚ್ಚು. ಸಂಜೆಯ ರೈಲು ತಪ್ಪಿದರೂ ಚಿಂತೆಯಿಲ್ಲ, ಯಲಹಂಕ, ಹೆಬ್ಬಾಳದ ಕಡೆಗೆ ದೇವನಹಳ್ಳಿಯಿಂದ ಬಸ್ಸುಗಳಿವೆ.