ಹೊಸ ಸ್ಪೀಕರಿಗೆ ಹಳೆಯ ಹಾಡಿನ ಪರೀಕ್ಷೆ

ಕಬ್ಬಿನ ಬಿಲ್ಲು ಕೈಗೆ ಬಂದಿದೆ, ಮನೆಗೊಂದು ಒಳ್ಳೆಯ ಸ್ಪೀಕರು ಕೊಳ್ಳಬೇಕು ಎಂದು ನೀವು ಅಥಣಿಯಲ್ಲೋ ನಿಪ್ಪಾಣಿಯಲ್ಲೋ ಅಂಗಡಿಗೆ ಹೋಗಿದ್ದೀರಿ ಎಂದುಕೊಳ್ಳಿ. ಅಂಗಡಿಯವರು ತಮ್ಮದೇ ಪೆನ್‌ಡ್ರೈವ್ ಹಾಕಿ ಒಂದು ಹಾಡು ಹಚ್ಚುತ್ತಾರೆ. "ಎದಿ ನಡಗ್ತೈತಿ ನೋಡ್ರಿ ಸರ" ಎನ್ನುತ್ತಾರೆ. ಎದೆ ನಡುಗುವುದೇನೋ ನಿಜ. ಆದರೆ ಆ ಹಾಡನ್ನು ನೀವು ಹಿಂದೆ ಕೇಳಿಲ್ಲ. ಆ ನಡುಕ ಹಾಡಿನಲ್ಲೇ ಇತ್ತೋ, ಸ್ಪೀಕರು ಸೇರಿಸಿತೋ, ಅಂಗಡಿಯ ಮೂಲೆಗೋಡೆ ಸೇರಿಸಿತೋ ಹೇಳಲು ನಿಮ್ಮ ಬಳಿ ಆಧಾರವಿಲ್ಲ. ಆದ್ದರಿಂದ ತಿಳಿದವರು ಒಂದು ಸಲಹೆ ಕೊಡುತ್ತಾರೆ: ನಿಮಗೆ ಚೆನ್ನಾಗಿ ಗೊತ್ತಿರುವ ಹಾಡನ್ನೇ ಒಯ್ಯಿರಿ, ಅದನ್ನು ಹಾಕಿಸಿ ಕೇಳಿ, ಆಮೇಲೆ ದುಡ್ಡು ಎಣಿಸಿ.

ಸಲಹೆ ಒಳ್ಳೆಯದೇ. ಆದರೆ ಅದನ್ನು ಹೇಳುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ. ಒಂದು ಹಾಡು "ಗೊತ್ತಿದೆ" ಎಂದರೆ ನಮಗೆ ನಿಜವಾಗಿ ಏನು ಗೊತ್ತಿರುತ್ತದೆ ಎಂಬ ಪ್ರಶ್ನೆಯನ್ನು ಅವರು ಕೇಳುವುದಿಲ್ಲ. ಸಲಹೆ ಕೆಡುವುದು ಈ ಜಾಗದಲ್ಲಿ.

ಒಂದು ಉದಾಹರಣೆ ನೋಡೋಣ. ಚಿಕ್ಕೋಡಿ, ರಾಯಬಾಗ, ಕಾಗವಾಡ ಸೀಮೆಯಲ್ಲಿ ಭೀಮಸೇನ ಜೋಶಿಯವರ ದಾಸವಾಣಿಯನ್ನು ಕೇಳದ ಮನೆ ಇರಲಿಕ್ಕಿಲ್ಲ. ಗಡಿಯ ಈ ಭಾಗದಲ್ಲಿ ಅದೇ ಕಂಠದ ಮರಾಠಿ ಅಭಂಗಗಳೂ ಅಷ್ಟೇ ಪರಿಚಿತ. ಆದರೆ ಇವುಗಳನ್ನು ಬಹಳ ಮಂದಿ ಕೇಳಿರುವುದು ಎಲ್ಲಿ? ಬೆಳಗಿನ ಜಾವ ಗುಡಿಯ ಮೇಲಿನ ಹಾರ್ನ್ ಧ್ವನಿವರ್ಧಕದಲ್ಲಿ. ಇಲ್ಲವೇ ಧಾರವಾಡ ಅಥವಾ ಸಾಂಗಲಿ ಆಕಾಶವಾಣಿಯ ಮಧ್ಯಮ ತರಂಗಾಂತರದಲ್ಲಿ. ಗುಡಿಯ ಹಾರ್ನು ಸುಮಾರು 300-400 ಹರ್ಟ್ಸ್‌ಗಿಂತ ಕೆಳಗಿನ ಶಬ್ದವನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. ಮಧ್ಯಮ ತರಂಗದ ಪ್ರಸಾರದಲ್ಲಿ ಒಂದೊಂದು ಕೇಂದ್ರಕ್ಕೆ 9 ಕಿಲೋಹರ್ಟ್ಸ್ ಅಂತರವಷ್ಟೇ ಮೀಸಲು. ಆದ್ದರಿಂದ ನಮ್ಮ ರೇಡಿಯೊವನ್ನು ತಲುಪುವ ಶಬ್ದ ಸುಮಾರು 4,500 ಹರ್ಟ್ಸ್‌ಗೆ ಮುಗಿಯುತ್ತದೆ. ಮನುಷ್ಯನ ಕಿವಿಯ ವ್ಯಾಪ್ತಿ 20ರಿಂದ 20,000 ಹರ್ಟ್ಸ್ ಎಂದು ನೀವು ಪಾಠದಲ್ಲಿ ಹೇಳಿಕೊಡುತ್ತೀರಿ ಅಥವಾ ಓದುತ್ತೀರಿ. ಹಾಗಿದ್ದ ಮೇಲೆ ನಮಗೆ ಗೊತ್ತಿರುವುದು ಹಾಡಿನ ಧಾಟಿ, ತಾಳ, ಸಾಹಿತ್ಯ. ಅದರ ನಾದದ ಮೈ ಹೇಗಿತ್ತು ಎಂಬುದಲ್ಲ. ಅಂಥ ಹಾಡನ್ನು ಒಯ್ದು ಹೊಸ ಸ್ಪೀಕರನ್ನು ಪರೀಕ್ಷಿಸಿದರೆ, ನಾವು ಹೊಸ ಸ್ಪೀಕರನ್ನು ಗುಡಿಯ ಹಾರ್ನಿನೊಡನೆ ಹೋಲಿಸಿದಂತಾಗುತ್ತದೆ. ಹಾರ್ನಿಗೆ ಪಳಗಿದ ಕಿವಿಗೆ ಒಳ್ಳೆಯ ಸ್ಪೀಕರು ಮಂಕಾಗಿ ಕೇಳಿದರೂ ಆಶ್ಚರ್ಯವಿಲ್ಲ.

"ಹಾಡು ಮನಸ್ಸಿಗೆ ತಟ್ಟಿತು, ಅಷ್ಟು ಸಾಲದೇ?" ಎಂದು ಕೆಲವರು ಕೇಳುತ್ತಾರೆ. ಸಾಲದು. ಇದಕ್ಕೆ ಜೋಶಿಯವರ ಜೀವನದಲ್ಲೇ ಸಾಕ್ಷಿ ಇದೆ. 1922ರಲ್ಲಿ ಹುಟ್ಟಿದ ಅವರು ಬಾಲಕನಾಗಿದ್ದಾಗ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿಯನ್ನು ಗ್ರಾಮಫೋನ್ ತಟ್ಟೆಯಲ್ಲಿ ಕೇಳಿ ಮನಸೋತರು. 1933ರಲ್ಲಿ ಸಂಗೀತ ಕಲಿಯಲೆಂದು ಮನೆಯನ್ನೇ ಬಿಟ್ಟು ಹೊರಟರು. ಮುಂದೆ ಕುಂದಗೋಳದಲ್ಲಿ ಅದೇ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ ಕಲಿತರು. ಆ ಕಾಲದ 78 ಸುತ್ತಿನ ತಟ್ಟೆಯಲ್ಲಿ ಇರುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ವಿದ್ಯುತ್ ವಿಧಾನದಿಂದ ಮುದ್ರಿಸಿದ್ದರೂ ಸುಮಾರು 5,000-6,000 ಹರ್ಟ್ಸ್‌ಗಿಂತ ಮೇಲಿನದು ಅದರಲ್ಲಿ ಸಿಗುತ್ತಿರಲಿಲ್ಲ. ಮೇಲಿಂದ ಸೂಜಿಯ ಕರಕರ ಸದ್ದು ಬೇರೆ. ಅಂಥ ತಟ್ಟೆಯೇ ಒಬ್ಬ ಹುಡುಗನ ಬಾಳನ್ನು ತಿರುಗಿಸಿತು. ಹೀಗೆ ಹಾಡಿನ ಭಾವ ಎಂಥ ಯಂತ್ರದ ಮೂಲಕವೂ ದಾಟಿ ಬರುತ್ತದೆಯಾದ್ದರಿಂದ, ಕಣ್ಣಲ್ಲಿ ನೀರು ಬಂತೆಂಬುದು ಯಂತ್ರದ ಗುಣಕ್ಕೆ ಪ್ರಮಾಣಪತ್ರವಾಗುವುದಿಲ್ಲ.

ಪರಿಚಿತ ಸಂಗೀತದಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಮೋಸವಿದೆ. ಕಿವಿಯೂ ಮಿದುಳೂ ಕೂಡಿ ಇಲ್ಲದ್ದನ್ನು ತುಂಬಿಕೊಳ್ಳುತ್ತವೆ. ಹಾರ್ಮೋನಿಯಂನ ಮಂದ್ರದ ಕಪ್ಪು ಒಂದನೆಯ ಮನೆಗೆ ತಂಬೂರಿಯ ಷಡ್ಜವನ್ನು ಕೂಡಿಸಿದರೆ ಜೋಡಿ ತಂತಿಗಳ ಆವೃತ್ತಿ ಸುಮಾರು 138.6 ಹರ್ಟ್ಸ್, ಅದಕ್ಕೂ ಒಂದು ಸ್ಥಾಯಿ ಕೆಳಗಿನ ಖರ್ಜದ ತಂತಿಯದು 69.3 ಹರ್ಟ್ಸ್. ಈ ತಂಬೂರಿಯ ನಾದವನ್ನು ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳಿ. ಆ ಸ್ಪೀಕರಿಗೆ 69 ಹರ್ಟ್ಸ್ ಹೊರಡಿಸುವ ಶಕ್ತಿಯೇ ಇಲ್ಲ. ಆದರೂ ಖರ್ಜ ಖರ್ಜವಾಗಿಯೇ ಕೇಳುತ್ತದೆ! ಇದಕ್ಕೆ ಕಾರಣವೇನು? ಆ ತಂತಿಯ ಉಪಸ್ವರಗಳಾದ 277.2, 346.5, 415.8 ಹರ್ಟ್ಸ್ ಮೊದಲಾದವು ಸ್ಪೀಕರಿನಿಂದ ಹೊರಬರುತ್ತವೆ. ಅವುಗಳ ನಡುವಿನ ಅಂತರ 69.3. ಅಷ್ಟರಿಂದಲೇ ಮಿದುಳು ಮೂಲಸ್ವರವನ್ನು ಊಹಿಸಿಕೊಂಡು "ಕೇಳಿಸಿ" ಬಿಡುತ್ತದೆ. ಹಾಡು ಪರಿಚಿತವಾಗಿದ್ದರಂತೂ ಇಂಥ ತುಂಬುವಿಕೆ ಇನ್ನೂ ಸಲೀಸು, ಏಕೆಂದರೆ ಮುಂದೆ ಏನು ಬರಲಿದೆ ಎಂಬುದು ಮನಸ್ಸಿಗೆ ಮೊದಲೇ ಗೊತ್ತಿರುತ್ತದೆ. ಶ್ರುತಿ ಸರಿಯಾಗಿ ಕೇಳಿತೆಂದು ಸ್ಪೀಕರಿಗೆ ಅಂಕ ಕೊಡಬೇಡಿ. ಅದರಲ್ಲಿ ಮುಕ್ಕಾಲು ಅಂಕ ನಿಮ್ಮ ತಲೆಗೇ ಸಲ್ಲಬೇಕಾದದ್ದು.

ಹಾಗಾದರೆ ಯಾವುದನ್ನು ಒಯ್ಯಬೇಕು? ನನ್ನ ಅಭಿಪ್ರಾಯ ಇಷ್ಟು: ಧ್ವನಿಮುದ್ರಣವಾಗಿ ಪರಿಚಿತವಾದದ್ದಕ್ಕಿಂತ, ಯಂತ್ರದ ನೆರವಿಲ್ಲದೆ ಎದುರಿನಲ್ಲೇ ಕೂತು ಕೇಳಿ ಪರಿಚಿತವಾದ ನಾದವನ್ನು ಆರಿಸಿಕೊಳ್ಳಬೇಕು. ಈ ವಿಷಯದಲ್ಲಿ ಮೇಲೆ ಹೇಳಿದ ತಾಲೂಕುಗಳವರು ದೊಡ್ಡ ಪಟ್ಟಣದವರಿಗಿಂತ ಭಾಗ್ಯಶಾಲಿಗಳು. ರಾಯಬಾಗ, ಕುಡಚಿ, ಶೇಡಬಾಳಗಳಿಂದ ರೈಲು ಹತ್ತಿದರೆ ಇಳಿಯುವುದು ಮಿರಜದಲ್ಲಿ. ಕಾಗವಾಡದಿಂದಲಂತೂ ಮ್ಹೈಸಾಳ ದಾಟಿದರೆ ಮಿರಜವೇ. ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು ಅದು. ಅಲ್ಲಿನ ದರ್ಗಾದಲ್ಲಿ ಅವರ ನೆನಪಿಗಾಗಿ ಇಂದಿಗೂ ಸಂಗೀತಸೇವೆ ನಡೆಯುತ್ತದೆ. ತಂಬೂರಿ, ಸಿತಾರುಗಳನ್ನು ತಲೆಮಾರುಗಳಿಂದ ತಯಾರಿಸುತ್ತ ಬಂದ ಕಾರಿಗರ ಕೇರಿಯೂ ಅಲ್ಲಿದೆ. 2024ರಲ್ಲಿ ಮಿರಜದ ತಂಬೂರಿಗೂ ಸಿತಾರಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ತಂಬೂರಿಯನ್ನೇ ಯಾಕೆ ಹಿಡಿದುಕೊಂಡೆ ಎಂದು ಕೇಳಬಹುದು. ಅದರ ನಾದ ಎಡೆಬಿಡದೆ ಹರಿಯುತ್ತದೆ, ಮತ್ತು ಅದರಲ್ಲಿ ಉಪಸ್ವರಗಳು ಕಿಕ್ಕಿರಿದಿರುತ್ತವೆ. ತಂತಿಯೊಂದನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಸ್ಪಂದವಿರುವ ಉಪಸ್ವರಗಳು ಹುಟ್ಟಬಾರದು ಎಂಬುದು ಭೌತಶಾಸ್ತ್ರದ ಹಳೆಯ ನಿಯಮ. ನಟ್ಟನಡುವೆ ಮೀಟಿದರೆ 2, 4, 6ನೆಯ ಉಪಸ್ವರಗಳು ಇರಕೂಡದು. ಆದರೆ ತಂಬೂರಿಯಲ್ಲಿ ಅವು ಧಾರಾಳವಾಗಿ ಕೇಳುತ್ತವೆ. ಈ ವೈಚಿತ್ರ್ಯವನ್ನು ಪರೀಕ್ಷಿಸಿ 1921ರಲ್ಲಿ ಪ್ರಬಂಧ ಬರೆದವರು ಆಗ ಕಲ್ಕತ್ತೆಯಲ್ಲಿದ್ದ ಸಿ. ವಿ. ರಾಮನ್. ಗುಟ್ಟು ಇರುವುದು ಅಗಲವಾದ, ತುಸು ಬಾಗಿದ ಕುದುರೆಯಲ್ಲಿ ಮತ್ತು ಅದರ ಮೇಲೆ ತಂತಿಯ ಕೆಳಗೆ ಸೇರಿಸುವ ಜವಾರಿಯ ದಾರದಲ್ಲಿ. ಅದುರುವ ತಂತಿ ಆ ಬಾಗಿದ ಮೈಯನ್ನು ಮುಟ್ಟುತ್ತ ಬಿಡುತ್ತ ಹೋಗುವುದರಿಂದ ಉಪಸ್ವರಗಳು ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ದಾರವನ್ನು ಕೂದಲೆಳೆಯಷ್ಟು ಸರಿಸಿದರೂ ನಾದದ ಬಣ್ಣ ಬದಲಾಗುತ್ತದೆ.

ಸ್ಪೀಕರು ಯಾವುದಾದರೂ ಆವೃತ್ತಿಗಳನ್ನು ಉಬ್ಬಿಸುತ್ತಿದ್ದರೆ, ಆ ಜಾಗದ ಉಪಸ್ವರವೊಂದು ತಂಬೂರಿಯ ನಾದದಿಂದ ಸಿಳ್ಳೆಯಂತೆ ಹೊರಚಾಚುತ್ತದೆ. 1,000ದಿಂದ 4,000 ಹರ್ಟ್ಸ್‌ವರೆಗಿನ ಭಾಗ ತಗ್ಗಿದ್ದರೆ ಜವಾರಿಯ ಮಿನುಗು ಸತ್ತು, ಉಳಿಯುವುದು ದುಂಬಿಯ ಗುಂಯ್‌ಗುಡುವಿಕೆ ಮಾತ್ರ. ಹಾಡಿನಲ್ಲಾದರೆ ಇಂಥ ದೋಷ ಕ್ಷಣದಲ್ಲಿ ದಾಟಿಹೋಗುತ್ತದೆ. ತಂಬೂರಿಯಲ್ಲಿ ಅದು ಅಡಗಿಕೊಳ್ಳಲು ಜಾಗವಿಲ್ಲ. ಪ್ರಯೋಗಾಲಯಗಳಲ್ಲಿ ಎಲ್ಲ ಆವೃತ್ತಿಗಳನ್ನೂ ಬೆರೆಸಿದ ಭೋರ್ಗರೆತದಂಥ ಸದ್ದನ್ನು ಪರೀಕ್ಷೆಗೆ ಬಳಸುವುದೂ ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಗೋಕಾಕ ಜಲಪಾತದ ಎದುರು ನಿಂತವರಿಗೆ ಅಂಥ ಸದ್ದಿನ ಅಂದಾಜು ಇರುತ್ತದೆ.

ಪಕ್ಕವಾದ್ಯವಿಲ್ಲದ ಒಂಟಿ ಕಂಠವೂ ಒಳ್ಳೆಯ ಪರೀಕ್ಷಕನೇ. ಎಂಪಿ3 ತಂತ್ರವನ್ನು ರೂಪಿಸಿದವರಲ್ಲಿ ಮುಖ್ಯರಾದ ಜರ್ಮನಿಯ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಅವರು ಅಮೆರಿಕದ ಗಾಯಕಿ ಸುಝಾನ್ ವೇಗಾ ವಾದ್ಯಗಳಿಲ್ಲದೆ ಹಾಡಿದ 'ಟಾಮ್ಸ್ ಡೈನರ್' ಹಾಡನ್ನು ತಮ್ಮ ತಂತ್ರಕ್ಕೆ ಒಡ್ಡಿದಾಗ ಆ ಕಂಠ ಕೆಟ್ಟು ಕೇಳಿತು. ಉಳಿದ ಹಾಡುಗಳಲ್ಲಿ ವಾದ್ಯಗಳು ದೋಷವನ್ನು ಮುಚ್ಚಿದ್ದವು. ಆ ಒಂದು ಹಾಡನ್ನು ಅವರು ಮತ್ತೆ ಮತ್ತೆ ಕೇಳಿ ತಂತ್ರವನ್ನು ತಿದ್ದಿದರು. ನಿಮಗಾದರೆ ನಿಮ್ಮ ಮನೆಯವರ ಧ್ವನಿಗಿಂತ ಪರಿಚಿತವಾದ ಕಂಠ ಯಾವುದಿದ್ದೀತು? ಅಜ್ಜಿ ಬೀಸುಕಲ್ಲಿನ ಪದ ಹೇಳುವುದನ್ನು ಮುದ್ರಿಸಿಕೊಂಡು ಒಯ್ಯಿರಿ. ಅಂಗಡಿಯಲ್ಲಿ ಅಜ್ಜಿ ಅಜ್ಜಿಯಂತೆ ಕೇಳುತ್ತಾರೋ, ಕೊಡದೊಳಗಿಂದ ಮಾತಾಡಿದಂತೆ ಕೇಳುತ್ತಾರೋ ನೋಡಿ.

ಇಲ್ಲೊಂದು ಎಚ್ಚರಿಕೆ ಬೇಕು. ಮೊಬೈಲಿನ ಮುದ್ರಣ ನಂಬಿಗಸ್ತನಲ್ಲ. ಅದು ತಾನಾಗಿಯೇ ಶಬ್ದವನ್ನು ಏರಿಸಿ ಇಳಿಸುತ್ತದೆ, ಗದ್ದಲವೆಂದು ತೋರಿದ್ದನ್ನು ಅಳಿಸುತ್ತದೆ. 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಸಂಗೀತ ಪಾಠ ನಡೆಸಿದ ಶಿಕ್ಷಕರಿಗೆ ಇದರ ಅನುಭವವಾಗಿರುತ್ತದೆ. ಒಂದೇ ಸಮನೆ ಮೊಳಗುವ ತಂಬೂರಿಯನ್ನು ಆ ತಂತ್ರಾಂಶಗಳು ಫ್ಯಾನಿನ ಸದ್ದೆಂದು ಭಾವಿಸಿ ಒರೆಸಿಹಾಕುತ್ತಿದ್ದವು. ಆ ಸೌಲಭ್ಯಗಳನ್ನು ಆರಿಸಿ, ಸಾಧ್ಯವಿದ್ದರೆ ಬೇರೆ ಮೈಕ್ ಜೋಡಿಸಿ ಮುದ್ರಿಸುವುದು ಕ್ಷೇಮ.

ತಗ್ಗಿನ ಶಬ್ದಕ್ಕೆ ಮಾತ್ರ ತಂಬೂರಿ ಸಾಲದು. ಅದರಲ್ಲಿ ಮೂಲಸ್ವರಕ್ಕಿಂತ ಉಪಸ್ವರಗಳದೇ ಜೋರು. ಅಲ್ಲಿ ಡೊಳ್ಳು ಬೇಕು. ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋದವರಿಗೆ ಡೊಳ್ಳಿನ ಪೆಟ್ಟು ಹೇಗೆ ಬಂದು ಹೇಗೆ ನಿಲ್ಲುತ್ತದೆ ಎಂಬುದು ಮೈಗೇ ಗೊತ್ತು. ಪೆಟ್ಟು ಬಿದ್ದ ಮೇಲೆ ಸದ್ದು ಬೇಗ ಆರುತ್ತದೆ, ಮುಂದಿನ ಪೆಟ್ಟಿಗೆ ಜಾಗ ಬಿಡುತ್ತದೆ. ಬಯಲಲ್ಲಿ ಅದನ್ನು ಹಿಡಿದಿಡುವ ಗೋಡೆಗಳಿಲ್ಲ. ಕೆಟ್ಟ ಪೆಟ್ಟಿಗೆಯ ಸ್ಪೀಕರಿನಲ್ಲಿ ಪೆಟ್ಟುಗಳೆಲ್ಲ ಒಂದೇ ಗುಮ್ಮೆನ್ನುವ ಸದ್ದಾಗಿ ಕಲಸಿಹೋಗುತ್ತವೆ. ಮಾರಾಟಕ್ಕೆ ಬರುವ ಡೊಳ್ಳಿನ ಪದಗಳ ಮುದ್ರಣಗಳಲ್ಲಿ ಈಚೆಗೆ ಆ ಗುಮ್ಮನ್ನೇ ಬೇಕೆಂದು ತುಂಬುತ್ತಿದ್ದಾರೆ ಎಂಬುದು ನನ್ನ ದೂರು. ಅಂಥ ಮುದ್ರಣದಿಂದ ಪರೀಕ್ಷಿಸಿದರೆ ಕೆಟ್ಟ ಸ್ಪೀಕರು, ಒಳ್ಳೆಯ ಸ್ಪೀಕರು ಎರಡೂ ಒಂದೇ ಆಗಿ ಕೇಳುತ್ತವೆ. ಅದನ್ನೇ ಕೇಳಿ ಬೆಳೆಯುವ ಮಕ್ಕಳಿಗೆ ನಿಜವಾದ ಡೊಳ್ಳು ಸಪ್ಪೆ ಎನಿಸಿದರೆ ತಪ್ಪು ಮಕ್ಕಳದಲ್ಲ.

ಸರಿಯಾದ ನಾದವನ್ನೇ ಒಯ್ದರೂ ಕೇಳುವ ಕ್ರಮ ತಪ್ಪಿದರೆ ಫಲವಿಲ್ಲ. ಎರಡು ಸ್ಪೀಕರುಗಳಲ್ಲಿ ತುಸು ಜೋರಾಗಿರುವುದೇ ಚೆಂದವೆನಿಸುವುದು ಮನುಷ್ಯಸ್ವಭಾವ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದಂತೆ, ಶಬ್ದ ಮೆಲ್ಲಗಿದ್ದಾಗ ನಮ್ಮ ಕಿವಿಗೆ ತಗ್ಗಿನ ಆವೃತ್ತಿಗಳು ಇನ್ನಷ್ಟು ಕಡಿಮೆ ಕೇಳುತ್ತವೆ. ಅಂಗಡಿಯ ಅಬ್ಬರದಲ್ಲಿ ಕೇಳಿ ಮೆಚ್ಚಿದ ಸ್ಪೀಕರು ಮನೆಯ ಮೆಲುದನಿಯಲ್ಲಿ ಬೇರೆಯೇ ಆಗಿಬಿಡುವುದಕ್ಕೆ ಇದೂ ಒಂದು ಕಾರಣ. ಮನೆಯಲ್ಲಿ ಎಷ್ಟು ಜೋರಾಗಿ ಕೇಳುತ್ತೀರೋ ಅಷ್ಟಕ್ಕೇ ಇಳಿಸಿ ಕೇಳಿ, ಎರಡನ್ನೂ ಒಂದೇ ಮಟ್ಟಕ್ಕೆ ತನ್ನಿ. ಪೆಟ್ಟಿಗೆಯ ಮೇಲಿನ ವ್ಯಾಟಿನ ಅಂಕಿಗೆ ಮರುಳಾಗಬೇಡಿ. ಶಕ್ತಿ ಇಮ್ಮಡಿಯಾದರೆ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಇಮ್ಮಡಿ ಜೋರು ಎನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು.

ಕಣ್ಣನ್ನೂ ದೂರವಿಡಬೇಕು. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಸಂಶೋಧಕರು ಅದೇ ಸ್ಪೀಕರುಗಳನ್ನು ಒಮ್ಮೆ ಕಾಣುವಂತೆ, ಒಮ್ಮೆ ಪರದೆಯ ಹಿಂದಿಟ್ಟು ಕೇಳಿಸಿದರು. ಕಂಡಾಗ ದೊಡ್ಡದೂ ಬೆಲೆಯುಳ್ಳದ್ದೂ ಪಡೆದ ಅಂಕಗಳು ಪರದೆ ಬಿದ್ದಾಗ ಬದಲಾದವು. ಇದನ್ನು ಶಾಲೆಯಲ್ಲೇ ಮಾಡಬಹುದು. ಎರಡು ಸ್ಪೀಕರುಗಳ ಮುಂದೆ ತೆಳುವಾದ ಬಟ್ಟೆ ಕಟ್ಟಿ, ನಾಣ್ಯ ಚಿಮ್ಮಿ ಸರದಿ ನಿರ್ಧರಿಸಿ, ಅರ್ಧರ್ಧ ನಿಮಿಷದ ತುಣುಕುಗಳನ್ನು ಹಾಕಿ, ಮಕ್ಕಳು ಒಬ್ಬರನ್ನೊಬ್ಬರು ಕೇಳದೆ ತಮ್ಮ ತೀರ್ಪು ಬರೆಯಲಿ. ಬಟ್ಟೆ ತೆಗೆದು ಮತ್ತೊಮ್ಮೆ ಬರೆಯಿಸಿ. ಎರಡು ಪಟ್ಟಿಗಳನ್ನು ಅವರೇ ಹೋಲಿಸಿ ನೋಡುತ್ತಾರೆ.

ಕೊನೆಗೆ ಕೋಣೆಯ ಮಾತು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 346 ಮೀಟರ್. ನಿಮ್ಮ ಕೋಣೆಯ ಅಗಲ ಎರಡೂವರೆ ಮೀಟರ್ ಎಂದಾದರೆ, ಅಗಲದ ಇಮ್ಮಡಿಯಿಂದ ವೇಗವನ್ನು ಭಾಗಿಸಿ: ಸುಮಾರು 69 ಹರ್ಟ್ಸ್. ಆ ಆವೃತ್ತಿಯ ಶಬ್ದ ಎದುರುಬದುರು ಗೋಡೆಗಳ ನಡುವೆ ಸ್ಥಾಯೀ ತರಂಗವಾಗಿ ನಿಂತುಬಿಡುತ್ತದೆ. ಗೋಡೆಗೆ ಒರಗಿ ಕುಳಿತವರಿಗೆ ಅದು ಗುಡುಗಿದಂತೆ ಕೇಳಿದರೆ, ನಡುವೆ ಕುಳಿತವರಿಗೆ ಕೇಳಿಯೂ ಕೇಳದಂತಿರುತ್ತದೆ. ಇದನ್ನು ಯಾವ ಅಂಗಡಿಯಲ್ಲೂ ಪರೀಕ್ಷಿಸಲಾಗದು. ಆದ್ದರಿಂದ ಮನೆಗೆ ತಂದು ಎರಡು ದಿನ ಕೇಳಿ, ಹಿಡಿಸದಿದ್ದರೆ ಮರಳಿಸುವ ಒಪ್ಪಂದವನ್ನು ದುಡ್ಡು ಕೊಡುವ ಮುಂಚೆಯೇ ಮಾಡಿಕೊಳ್ಳಿ. ಸ್ಪೀಕರನ್ನು ಗೋಡೆಯಿಂದ ಒಂದೊಂದು ಗೇಣು ಈಚೆ ತಂದು ಡೊಳ್ಳಿನ ತುಣುಕನ್ನು ಮತ್ತೆ ಮತ್ತೆ ಕೇಳಿ.

ಅದಕ್ಕೂ ಮುಂಚೆ ಒಂದು ಮುಂಜಾನೆ ಮಿರಜದ ರೈಲು ಹತ್ತಿ. ತಂಬೂರಿ ಮಾಡುವ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಕಾರಿಗರು ಕುದುರೆಯ ಮೇಲೆ ದಾರ ಸರಿಸುತ್ತ, ತಂತಿ ಮೀಟುತ್ತ, ಮತ್ತೆ ಸರಿಸುವುದನ್ನು ಹತ್ತು ನಿಮಿಷ ಕಣ್ಣುಮುಚ್ಚಿ ಕೇಳಿ. ಒಪ್ಪಿದರೆ ಅಲ್ಲೇ ಮುದ್ರಿಸಿಕೊಳ್ಳಿ, ಮತ್ತು ಸಂಜೆ ಅದೇ ಮುದ್ರಣವನ್ನು ಹಿಡಿದು ಸ್ಪೀಕರಿನ ಅಂಗಡಿಗೆ ಹೋಗಿ.